ವಾಪಸ್ ಬಂದ ಮೋಯ್ಸ್, ಲೆಕ್ಕ ಕೇಳುವ ಎವರ್ಟನ್ ಮಂದಿ

ಲಿವರ್‌ಪೂಲ್ ಊರಿನ ನೀಲಿ ಬಣದವರ ಹತ್ತಿರ, ಅಂದ್ರೆ ಎವರ್ಟನ್ ಫುಟ್‌ಬಾಲ್ ಕ್ಲಬ್ ಅಭಿಮಾನಿಗಳ ಹತ್ತಿರ, ಅವರ ಮ್ಯಾನೇಜರ್ ಡೇವಿಡ್ ಮೋಯ್ಸ್ ಬಗ್ಗೆ ಕೇಳಿ ನೋಡಿ. "ನಮ್ಮ ಮನುಷ್ಯ, ಬಂದು ಉಳಿಸಿದ" ಅಂತಲೇ ಶುರು ಮಾಡುತ್ತಾರೆ. ಎರಡನೇ ಮಾತಿಗೇ "ಅದೆಲ್ಲ ಸರಿ, ರೈಟ್ ಬ್ಯಾಕ್ ಯಾಕೆ ತರಲಿಲ್ಲ?" ಅನ್ನುತ್ತಾರೆ. ರೈಟ್ ಬ್ಯಾಕ್ ಅಂದ್ರೆ ಬಲಗಡೆಯ ಡಿಫೆಂಡರ್. ಪ್ರೀತಿ ಬೇರೆ, ಲೆಕ್ಕ ಬೇರೆ. ನಾನು ಮೊದಲ ಸೀಸನ್‌ನಿಂದ ಆರ್‌ಸಿಬಿ ಹಿಂದೆ ಬಿದ್ದವನು, ನಮ್ಮಲ್ಲಿ ಈ ಅಭ್ಯಾಸ ಕಮ್ಮಿ. ಒಬ್ಬ ಇಷ್ಟವಾದರೆ ತಲೆ ಮೇಲೆ ಹೊತ್ತು ಕುಣಿಯುತ್ತೇವೆ, ಇಷ್ಟವಾಗದಿದ್ದರೆ ಅವನ ಮನೆಯವರನ್ನೂ ಬಿಡುವುದಿಲ್ಲ. ಇಲ್ಲಿಗೆ ಬಂದ ಮೇಲೆ ಇನ್ನೊಂದು ರೀತಿಯೂ ಇದೆ ಅಂತ ಗೊತ್ತಾಯಿತು. ಅದರಲ್ಲಿ ನನಗೆ ಹಿಡಿಸಿದ್ದೂ ಇದೆ, ಹಿಡಿಸದ್ದೂ ಇದೆ.

ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ಮೋಯ್ಸ್ ಮೊದಲ ಸಲ ಎವರ್ಟನ್‌ಗೆ ಬಂದಿದ್ದು 2002ರ ಮಾರ್ಚ್‌ನಲ್ಲಿ, ಪ್ರೆಸ್ಟನ್ ಕ್ಲಬ್‌ನಿಂದ. ಬಂದ ಹೊಸದರಲ್ಲೇ ಇದು ಜನರ ಕ್ಲಬ್ ಅಂದರು, ಆ ಮಾತನ್ನು ಊರು ಇನ್ನೂ ಮರೆತಿಲ್ಲ. ಹನ್ನೊಂದು ವರ್ಷ ಇದ್ದರು. 2013ರಲ್ಲಿ ಫರ್ಗುಸನ್ ಜಾಗಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದರು, ಅಲ್ಲಿ ಒಂದು ವರ್ಷವೂ ಉಳಿಯಲಿಲ್ಲ. ಇತ್ತ ಎವರ್ಟನ್ ಮಾರ್ಟಿನೆಜ್, ಕೂಮನ್, ಅಲರ್ಡೈಸ್, ಸಿಲ್ವಾ, ಆಂಚೆಲೊಟ್ಟಿ, ಬೆನಿಟೆಜ್, ಲ್ಯಾಂಪರ್ಡ್, ಡೈಚ್ ಅಂತ ಎಂಟು ಮಂದಿ ಮ್ಯಾನೇಜರ್‌ಗಳನ್ನು ನೋಡಿತು. ಒಬ್ಬೊಬ್ಬರದು ಒಂದೊಂದು ಆಟ. ಒಬ್ಬರು ತಂದ ಆಟಗಾರ ಮುಂದಿನವರಿಗೆ ಬೇಡ. ದುಡ್ಡು ನೀರಿನಂತೆ ಹರಿಯಿತು, ಕೊನೆಗೆ ಹಣಕಾಸಿನ ನಿಯಮ ಮೀರಿದ್ದಕ್ಕೆ 2023-24ರಲ್ಲಿ ಒಟ್ಟು 8 ಪಾಯಿಂಟ್ ಕಳೆದುಕೊಂಡರು. 2025ರ ಜನವರಿಯಲ್ಲಿ ಡೈಚ್ ಅವರನ್ನು ಕಳಿಸಿ ಮೋಯ್ಸ್ ಅವರನ್ನು ಮತ್ತೆ ಕರೆದಾಗ ತಂಡ ಪ್ರೀಮಿಯರ್ ಲೀಗ್‌ನಲ್ಲಿ 16ನೇ ಸ್ಥಾನದಲ್ಲಿತ್ತು, ಕೆಳಗಿನ ಡಿವಿಷನ್‌ಗೆ ಬೀಳುವ ಗೆರೆಗೂ ಇವರಿಗೂ ಒಂದೇ ಪಾಯಿಂಟ್ ಅಂತರ. ಸೀಸನ್ ಮುಗಿದಾಗ 13ನೇ ಸ್ಥಾನ, 48 ಪಾಯಿಂಟ್. ಹೆಚ್ಚುಕಮ್ಮಿ ಅದೇ ಆಟಗಾರರು, ಅದೇ ಮೈದಾನ.

ಇಷ್ಟಾದರೂ ಅವರು ವಾಪಸ್ ಬರುತ್ತಾರೆ ಅಂದಾಗ ಎಲ್ಲರೂ ಹಿಗ್ಗಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಒಬ್ಬ ಹಿರಿಯರಿಗೆ ತುಂಬಾ ಸಮಾಧಾನವಾಗಿತ್ತು, ಅವರ ಮಗನಿಗೆ ಸಿಟ್ಟು. ಯೋಚಿಸಿದರೆ ಇಬ್ಬರದೂ ಸರಿ. ಅಪ್ಪ 1998 ನೋಡಿದವರು. ಆ ವರ್ಷ ಕೊನೆಯ ಪಂದ್ಯದ ದಿನ ಗೋಲ್ ವ್ಯತ್ಯಾಸದ ಮೇಲೆ ಎವರ್ಟನ್ ಉಳಿಯಿತು, ಇಲ್ಲದಿದ್ದರೆ ಆಗಲೇ ಕೆಳಗೆ ಹೋಗಬೇಕಿತ್ತು. ಅಂಥ ಕಾಲದಿಂದ ಎತ್ತಿ 2004-05ರಲ್ಲಿ ನಾಲ್ಕನೇ ಸ್ಥಾನಕ್ಕೆ ತಂದ ಮನುಷ್ಯ ಅವರ ಪಾಲಿಗೆ ಮೋಯ್ಸ್. ಅದೂ ತಂಡದ ಸ್ಟಾರ್ ಆಟಗಾರ ರೂನಿಯನ್ನು ಯುನೈಟೆಡ್‌ಗೆ ಮಾರಿದ ಬೆನ್ನಿಗೇ. ಮಗನ ನೆನಪು ಬೇರೆ. ಹನ್ನೊಂದು ವರ್ಷದಲ್ಲಿ ಒಂದೂ ಕಪ್ ಇಲ್ಲ. 2009ರ ಎಫ್‌ಎ ಕಪ್ ಫೈನಲ್‌ನಲ್ಲಿ ಎವರ್ಟನ್‌ನ ಸಾಹಾ 25 ಸೆಕೆಂಡಿಗೇ ಗೋಲ್ ಹೊಡೆದರೂ ಚೆಲ್ಸಿ ಎದುರು 2-1ಕ್ಕೆ ಸೋಲು. ಲಿವರ್‌ಪೂಲ್ ಕ್ಲಬ್‌ನ ಆನ್‌ಫೀಲ್ಡ್, ಯುನೈಟೆಡ್‌ನ ಓಲ್ಡ್ ಟ್ರಾಫರ್ಡ್, ಚೆಲ್ಸಿಯ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್, ಆರ್ಸೆನಲ್ ಮೈದಾನ, ಈ ನಾಲ್ಕರಲ್ಲಿ ಆ ಅವಧಿಯಲ್ಲಿ ಒಂದೇ ಒಂದು ಲೀಗ್ ಪಂದ್ಯ ಗೆಲ್ಲಲಿಲ್ಲ. "ದೊಡ್ಡವರ ಮನೆಗೆ ಹೋದರೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈಕಟ್ಟಿ ನಿಲ್ಲುತ್ತಾರೆ" ಅನ್ನುವುದು ಆ ಹುಡುಗನ ಮಾತಿನ ಸಾರ.

ನನಗೆ ಹಿಡಿಸಿದ್ದು ಏನಂದ್ರೆ, ಮೋಯ್ಸ್ ಬಂದ ಮೇಲೆ ಈ ಅಪ್ಪ-ಮಗನ ಜಗಳ ಹಳೆಯದನ್ನೇ ಕೆದಕುತ್ತಾ ಕೂರಲಿಲ್ಲ. ನೇರವಾಗಿ ತಂಡದ ಕಡೆಗೆ ತಿರುಗಿತು.

2025ರ ಬೇಸಿಗೆಯಲ್ಲಿ ಎವರ್ಟನ್ ತಂಡ ಹೆಚ್ಚುಕಮ್ಮಿ ಖಾಲಿಯಾಗಿತ್ತು. ಡೊಮಿನಿಕ್ ಕಾಲ್ವರ್ಟ್-ಲೂಯಿನ್ ಹೋದ, ಡುಕುರೆ ಹೋದ, ಆಶ್ಲಿ ಯಂಗ್ ಹೋದ. ಹ್ಯಾರಿಸನ್, ಲಿಂಡ್‌ಸ್ಟ್ರೋಮ್, ಮಂಗಾಲಾ, ಬ್ರೋಯಾ ಎಲ್ಲರೂ ಬೇರೆ ಕ್ಲಬ್‌ಗಳಿಂದ ಸಾಲದ ಮೇಲೆ ಬಂದವರು, ಅವಧಿ ಮುಗಿದು ವಾಪಸಾದರು. ಅದೇ ಹೊತ್ತಿಗೆ 1892ರಿಂದ ಆಡಿದ ಗುಡಿಸನ್ ಪಾರ್ಕ್ ಬಿಟ್ಟು ನದಿ ದಂಡೆಯ ಹೊಸ ಸ್ಟೇಡಿಯಂಗೆ ಹೋಗಬೇಕಿತ್ತು. ಮನೆ ಬದಲಾಯಿಸುವ ವಾರವೇ ಮನೆ ಮಂದಿಯೂ ಬದಲಾದಂತೆ. ಜುಲೈ ಕಳೆಯುತ್ತಾ ಬಂದರೂ ಬೇಕಾದಷ್ಟು ಜನ ಬರಲಿಲ್ಲ, ಅಮೆರಿಕ ಪ್ರವಾಸದಲ್ಲಿದ್ದ ಮೋಯ್ಸ್ ಇದನ್ನು ಬಚ್ಚಿಡದೆ ಪತ್ರಕರ್ತರ ಮುಂದೆಯೇ ಹೇಳಿದರು. ಕೆಲವರಿಗೆ ಅದು ಇಷ್ಟವಾಗಲಿಲ್ಲ, ಹೊಸ ಮಾಲೀಕರಾದ ಫ್ರೀಡ್ಕಿನ್ ಗ್ರೂಪ್ ಮೇಲೆ ಒತ್ತಡ ಹಾಕೋಕೆ ಅಭಿಮಾನಿಗಳನ್ನು ಬಳಸಿಕೊಳ್ಳುತ್ತಿದ್ದಾರೆ ಅಂದರು. ನನ್ನ ಪ್ರಕಾರ ಅವರು ಮಾಡಿದ್ದು ಸರಿ. ಎಂಟು ಮ್ಯಾನೇಜರ್‌ಗಳು ಮಾಡಿಹೋದ ಗೋಜಲನ್ನು ಬಿಡಿಸೋಕೆ ಬಂದವರು ಕೈಯಲ್ಲಿ ಏನಿಲ್ಲ ಅಂತ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಆ ದಿನಗಳಲ್ಲಿ ಊಟದ ಬಿಡುವಿನಲ್ಲಿ ಇವರು ಮಾತಾಡುವುದನ್ನು ಕೇಳಬೇಕಿತ್ತು. ಯಾರೂ "ಒಬ್ಬ ಸ್ಟಾರ್ ತನ್ನಿ" ಅನ್ನುತ್ತಿರಲಿಲ್ಲ. ಬಲಗಡೆ ರೆಕ್ಕೆಯಲ್ಲಿ ಓಡೋಕೆ ಯಾರು? 36ಕ್ಕೆ ಕಾಲಿಡುತ್ತಿರುವ ಗೇಯೆ ಸುಸ್ತಾದರೆ ಮಿಡ್‌ಫೀಲ್ಡ್‌ನಲ್ಲಿ ಚೆಂಡು ಕಸಿಯೋಕೆ ಯಾರು? ಕೋಲ್ಮನ್‌ಗೆ 36 ದಾಟಿದೆ, ಪ್ಯಾಟರ್ಸನ್ ಪದೇ ಪದೇ ಗಾಯಗೊಳ್ಳುತ್ತಾನೆ, ಹಾಗಾದರೆ ರೈಟ್ ಬ್ಯಾಕ್ ಯಾರು? ಜಾಗ ಮೊದಲು, ಹೆಸರು ಆಮೇಲೆ. ಕೊನೆಗೆ ವಿಲ್ಲಾರಿಯಲ್‌ನಿಂದ ಥಿಯೆರ್ನೊ ಬ್ಯಾರಿ ಬಂದ, ಚೆಲ್ಸಿಯಿಂದ ಡ್ಯೂಸ್‌ಬರಿ-ಹಾಲ್, ಸೌತಾಂಪ್ಟನ್‌ನಿಂದ ಡಿಬ್ಲಿಂಗ್, ಫ್ರೈಬರ್ಗ್‌ನಿಂದ ರೋಲ್, ಮ್ಯಾಂಚೆಸ್ಟರ್ ಸಿಟಿಯಿಂದ ಸಾಲದ ಮೇಲೆ ಜ್ಯಾಕ್ ಗ್ರೀಲಿಷ್. ಗ್ರೀಲಿಷ್ ಬಂದ ಖುಷಿಯಲ್ಲಿ ಊರೆಲ್ಲ ಕುಣಿಯಿತು, ಹೊಸ ಸ್ಟೇಡಿಯಂನ ಮೊದಲ ಲೀಗ್ ಪಂದ್ಯದಲ್ಲೇ ಬ್ರೈಟನ್ ಎದುರು ಎರಡೂ ಗೋಲಿಗೆ ಪಾಸ್ ಕೊಟ್ಟ, ಆಗಸ್ಟ್ ತಿಂಗಳ ಆಟಗಾರ ಪ್ರಶಸ್ತಿಯನ್ನೂ ತಗೊಂಡ. ಆ ಖುಷಿಯ ನಡುವೆಯೂ ನಮ್ಮ ಹಿರಿಯರ ಪ್ರಶ್ನೆ ಅದೇ. ಸೆಂಟರ್ ಬ್ಯಾಕ್, ಅಂದ್ರೆ ನಡುವಿನ ಡಿಫೆಂಡರ್ ಆಗಿರುವ ಜೇಕ್ ಒಬ್ರಾಯನ್‌ನನ್ನು ಇಡೀ ವರ್ಷ ರೈಟ್ ಬ್ಯಾಕ್‌ನಲ್ಲಿ ಓಡಿಸುತ್ತೀರಾ?

ಈಗ ನಮ್ಮ ಕಡೆ ನೋಡಿ. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ಐಪಿಎಲ್ ಮೆಗಾ ಹರಾಜು ನಡೆಯಿತಲ್ಲ, ನಮ್ಮ ವಾಟ್ಸ್ಆ್ಯಪ್ ಗ್ರೂಪ್‌ಗಳು ಹೇಗಿದ್ದವು ನೆನಪಿದೆಯಾ? ಕೆ.ಎಲ್. ರಾಹುಲ್‌ನನ್ನು ಬಿಟ್ಟರು ಅಂತ ಗೋಳು. ಅವನು ನಮ್ಮವನು, ಅದಕ್ಕೇ ಬೇಕಿತ್ತು. ಯಾವ ಕ್ರಮಾಂಕಕ್ಕೆ, ಯಾರ ಬದಲಿಗೆ, ಉಳಿದ ದುಡ್ಡಿನಲ್ಲಿ ಬೌಲರ್ ಯಾರು ಅಂತ ಕೇಳಿದವರು ಬೆರಳೆಣಿಕೆಯಷ್ಟು. ಸಿರಾಜ್ ಹೋದದ್ದಕ್ಕೆ ಮತ್ತೊಂದು ಗೋಳು. ಹೇಜಲ್‌ವುಡ್‌ಗೆ 12.5 ಕೋಟಿ, ಭುವನೇಶ್ವರ್‌ಗೆ 10.75 ಕೋಟಿ ಕೊಟ್ಟಾಗ "ವಯಸ್ಸಾದವರನ್ನು ಕಟ್ಟಿಕೊಂಡು ಏನು ಮಾಡುತ್ತಾರೆ" ಅಂದರು. ಕೃಣಾಲ್ ಪಾಂಡ್ಯ ಬಗ್ಗೆ ಬಂದ ಮಾತುಗಳನ್ನು ಇಲ್ಲಿ ಬರೆಯೋಕಾಗಲ್ಲ. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ 6 ರನ್‌ಗಳಿಂದ ಕಪ್ ಗೆದ್ದಾಗ ಪಂದ್ಯಪುರುಷ ಯಾರು? ಅದೇ ಕೃಣಾಲ್. ಯಾರನ್ನೂ ಚುಚ್ಚೋಕೆ ಹೇಳುತ್ತಿಲ್ಲ. ಆ ತಂಡ ಗೆದ್ದದ್ದು ಪ್ರತಿ ಜಾಗಕ್ಕೂ ತಕ್ಕ ಮನುಷ್ಯನನ್ನು ಹುಡುಕಿ ಕೂರಿಸಿದ್ದಕ್ಕೆ, ಆದರೆ ಗೆದ್ದ ಮೇಲೂ ನಾವು ಆ ಬಗ್ಗೆ ಮಾತೇ ಆಡಲಿಲ್ಲ. ಕೋಚ್ ಆ್ಯಂಡಿ ಫ್ಲವರ್ ಹೆಸರು ಎಷ್ಟು ಜನರ ಬಾಯಲ್ಲಿ ಬಂತು ಹೇಳಿ?

ಆಟದ ಸ್ವಭಾವವೂ ಇದಕ್ಕೆ ಕಾರಣ ಅನ್ನಿ. ಕ್ರಿಕೆಟ್‌ನಲ್ಲಿ ಮೈದಾನದೊಳಗೆ ಕ್ಯಾಪ್ಟನ್ನೇ ಎಲ್ಲ. ಫುಟ್‌ಬಾಲ್‌ನಲ್ಲಿ ಹನ್ನೊಂದು ಜನರನ್ನು ಆರಿಸುವುದು, ಬದಲಿ ಯಾರು, ಯಾವಾಗ ಅನ್ನುವುದು ಎಲ್ಲವೂ ಮ್ಯಾನೇಜರ್ ಕೈಯಲ್ಲಿ. ಹಾಗಾಗಿ ಇಲ್ಲಿ ಬೈಗುಳವೂ ಅವರಿಗೇ, ಹೊಗಳಿಕೆಯೂ ಅವರಿಗೇ. ಆದರೆ ತಾಳ್ಮೆ ಅನ್ನುವುದು ಆಟದ ನಿಯಮದಿಂದ ಬರಲ್ಲ, ಅದನ್ನು ಜನ ತಾವೇ ಬೆಳೆಸಿಕೊಳ್ಳಬೇಕು.

ಬ್ಯಾರಿಯ ವಿಷಯವನ್ನೇ ತಗೊಳ್ಳಿ. ದೊಡ್ಡ ದುಡ್ಡು ಕೊಟ್ಟು ತಂದ ಸ್ಟ್ರೈಕರ್, ಮೊದಲ ಲೀಗ್ ಗೋಲಿಗೆ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಆ ತಿಂಗಳುಗಳಲ್ಲಿ ಒಂದು ಪಂದ್ಯಕ್ಕೆ ಹೋಗಿದ್ದೆ. ಚೆಂಡು ಅವನ ಕಾಲಿಗೆ ಬಂತು, ಸರಿಯಾಗಿ ನಿಲ್ಲಲಿಲ್ಲ, ಡಿಫೆಂಡರ್ ಕಸಿದುಕೊಂಡು ಹೋದ. ಸುತ್ತ ಕೂತವರೆಲ್ಲ ಒಟ್ಟಿಗೇ "ಛೇ" ಅನ್ನುವಂಥ ಒಂದು ಸದ್ದು ಮಾಡಿದರು, ನನ್ನ ಮುಂದಿನ ಸಾಲಿನವರು ಎರಡೂ ಕೈ ತಲೆ ಮೇಲೆ ಇಟ್ಟುಕೊಂಡರು. ಹುಡುಗ ಮಾತ್ರ ನಿಲ್ಲದೆ ಆ ಡಿಫೆಂಡರ್ ಹಿಂದೆಯೇ ನಲವತ್ತು ಗಜ ಓಡಿ ಚೆಂಡನ್ನು ಗೆರೆಯಾಚೆ ತಳ್ಳಿದ. ತಲೆ ಮೇಲೆ ಕೈಯಿಟ್ಟಿದ್ದ ಅದೇ ಮನುಷ್ಯ ಎದ್ದು ನಿಂತು ಚಪ್ಪಾಳೆ ಹೊಡೆದರು. ಮನೆಗೆ ಹೋಗುವ ದಾರಿಯಲ್ಲಿ ಬ್ಯಾರಿಯೋ, ಇನ್ನೊಬ್ಬ ಸ್ಟ್ರೈಕರ್ ಬೆಟೊವೋ ಅಂತ ಜೋರು ವಾದ ನಡೆದೇ ಇತ್ತು, ಇಬ್ಬರೂ ಸಾಲದು ಅನ್ನುವವರೇ ಜಾಸ್ತಿ. ಆದರೂ ಓಡಿದ್ದಕ್ಕೆ ಸಿಗಬೇಕಾದ ಚಪ್ಪಾಳೆಯನ್ನು ಯಾರೂ ತಡೆಹಿಡಿಯಲಿಲ್ಲ. ಚಿನ್ನಸ್ವಾಮಿಯಲ್ಲಿ ಕ್ಯಾಚ್ ಬಿಟ್ಟ ಹುಡುಗನೊಬ್ಬ ಮುಂದಿನ ಓವರ್‌ನಲ್ಲಿ ಹಾರಿ ಬೌಂಡರಿ ತಡೆದಾಗ ನಾವು ಹೀಗೆ ಎದ್ದು ನಿಲ್ಲುತ್ತೇವಾ?

ಮೋಯ್ಸ್ ಮೇಲೆ ಇವರಿಗೆ ಇಷ್ಟು ಭರವಸೆ ಇರೋಕೆ ಹಳೆಯ ಖರೀದಿಗಳೂ ಕಾರಣ. ಶೇಮಸ್ ಕೋಲ್ಮನ್‌ನನ್ನು 2009ರಲ್ಲಿ ಐರ್ಲೆಂಡ್‌ನ ಸ್ಲೈಗೊ ರೋವರ್ಸ್‌ನಿಂದ ತಂದದ್ದು 60 ಸಾವಿರ ಪೌಂಡ್‌ಗೆ. ಆ ಬೆಲೆಯ ಮೇಲೇ ಅಭಿಮಾನಿಗಳು ಹಾಡು ಕಟ್ಟಿದ್ದಾರೆ. ಮೋಯ್ಸ್ ವಾಪಸ್ ಬಂದಾಗ ಅದೇ ಕೋಲ್ಮನ್ ಕ್ಯಾಪ್ಟನ್. ಮಿಲ್ವಾಲ್‌ನಿಂದ ಟಿಮ್ ಕೇಹಿಲ್, ವಿಗನ್‌ನಿಂದ ಲೇಟನ್ ಬೇನ್ಸ್, ಹೀಗೆ ಕಮ್ಮಿ ದುಡ್ಡಿಗೆ ತಂದು ವರ್ಷಗಟ್ಟಲೆ ದುಡಿಸಿದವರು ಅವರು. ಈಗ ಕಾಲ ಬೇರೆ. ಡಿಬ್ಲಿಂಗ್ ಒಬ್ಬನಿಗೇ ಸುಮಾರು 35 ಮಿಲಿಯನ್ ಪೌಂಡ್, ಆ ಹುಡುಗ ಬಹಳಷ್ಟು ಪಂದ್ಯ ಬೆಂಚಿನ ಮೇಲೆ ಕೂತಿದ್ದಾನೆ. ಹುಡುಗರನ್ನು ನಂಬಲ್ಲ ಅನ್ನುವ ಹಳೇ ದೂರು ಮತ್ತೆ ಎದ್ದಿದೆ. ಈ ದೂರನ್ನು ನಾನು ಪೂರ್ತಿ ಒಪ್ಪಲ್ಲ, ಯಾಕಂದ್ರೆ ಹದಿನಾರು ವರ್ಷದ ರೂನಿಯನ್ನು 2002ರಲ್ಲಿ ಕಣಕ್ಕಿಳಿಸಿದ್ದೂ ಇದೇ ಮೋಯ್ಸ್. ಆದರೆ ಇಷ್ಟು ದುಡ್ಡು ಸುರಿದ ಮೇಲೆ ಆಡಿಸದೆ ಹುಡುಗ ಬೆಳೆಯುವುದು ಹೇಗೆ, ಅಲ್ವಾ?

ಇನ್ನು ನನಗೆ ಹಿಡಿಸದ ಮಾತು. ಇಲ್ಲಿ ತಾಳ್ಮೆ ಅನ್ನುವುದು ಎಷ್ಟೋ ಸಲ ಆಸೆಯನ್ನೇ ಬಿಟ್ಟ ಹಾಗೆ ಕಾಣುತ್ತದೆ. ಎವರ್ಟನ್ ಒಂಬತ್ತು ಸಲ ಲೀಗ್ ಗೆದ್ದ ಕ್ಲಬ್. ಕೊನೆಯ ಸಲ ಗೆದ್ದದ್ದು 1987ರಲ್ಲಿ. ಕೊನೆಯ ದೊಡ್ಡ ಕಪ್ 1995ರ ಎಫ್‌ಎ ಕಪ್. ಲೀಗ್ ಕಪ್, ಅಂದ್ರೆ ಲೀಗ್‌ಗಿಂತ ಬೇರೆಯಾದ ನಾಕೌಟ್ ಟೂರ್ನಿ, ಅದನ್ನಂತೂ ಇವತ್ತಿನವರೆಗೆ ಗೆದ್ದೇ ಇಲ್ಲ, ಎರಡು ಸಲ ಫೈನಲ್‌ನಲ್ಲಿ ಸೋತಿದ್ದಾರೆ. ಹಾಗಿರುವಾಗ 2025ರ ಸೆಪ್ಟೆಂಬರ್‌ನಲ್ಲಿ, ಆವರೆಗೆ ಲೀಗ್‌ನಲ್ಲಿ ಒಂದೂ ಪಂದ್ಯ ಗೆಲ್ಲದ ವುಲ್ವ್ಸ್ ಎದುರು, ತಂಡದಲ್ಲಿ ಬದಲಾವಣೆ ಮಾಡಿಕೊಂಡು ಹೋಗಿ 2-0 ಸೋತು ಲೀಗ್ ಕಪ್‌ನಿಂದ ಹೊರಬಿದ್ದರು. ಮಗನಿಗೆ ಕೋಪ ತಡೆಯೋಕಾಗಲಿಲ್ಲ. ಅಪ್ಪ ಮಾತ್ರ "ಲೀಗ್‌ನಲ್ಲಿ ಮೇಲೆ ಹೋದರೆ ಸಾಕು, ಆಟಗಾರರು ಕಮ್ಮಿ ಇದ್ದಾರೆ, ಸುಸ್ತಾಗುತ್ತಾರೆ" ಅಂತ ಸುಮ್ಮನಾದರು. ಈ ಒಂದು ವಿಷಯದಲ್ಲಿ ನಾನು ಮಗನ ಕಡೆ. ಬೀಳುವ ಭಯದಲ್ಲೇ ವರ್ಷಗಳು ಕಳೆದರೆ ಏಳನೇ ಸ್ಥಾನವೇ ಸ್ವರ್ಗ ಅನಿಸಿಬಿಡುತ್ತದೆ. ಮೋಯ್ಸ್ ಸ್ವತಃ 2023ರಲ್ಲಿ ವೆಸ್ಟ್ ಹ್ಯಾಮ್‌ಗೆ ಯುರೋಪಿನ ಕಾನ್ಫರೆನ್ಸ್ ಲೀಗ್ ಕಪ್ ಗೆದ್ದುಕೊಟ್ಟವರು, ಅದೂ ಆ ಕ್ಲಬ್‌ಗೆ ಎರಡನೇ ಸಲ ವಾಪಸ್ ಹೋಗಿ. ಕಪ್ ಹೇಗೆ ಗೆಲ್ಲಬೇಕು ಅಂತ ಅವರಿಗೆ ಈಗ ಗೊತ್ತು. ಕೇಳುವವರು ಕೇಳಬೇಕು ಅಷ್ಟೆ.

ಇಲ್ಲಿ ನಮ್ಮ ಮಂದಿಯ ರೀತಿಯೇ ನನಗೆ ಮೇಲು ಅನಿಸುತ್ತದೆ. ಹದಿನೇಳು ಸೀಸನ್ ಬರಿಗೈ. 2009, 2011, 2016, ಮೂರು ಫೈನಲ್ ಸೋಲು. 49 ರನ್‌ಗೆ ಆಲೌಟ್ ಆದದ್ದೂ ಇದೆ. ಆದರೂ ಪ್ರತಿ ಮಾರ್ಚ್ ಬಂತಂದ್ರೆ "ಈ ಸಲ ಕಪ್ ನಮ್ದೇ". ಹೊರಗಿನವರು ನಕ್ಕರು, ನಾವು ಬಿಡಲಿಲ್ಲ. ಆ ಹಠ ಇದ್ದದ್ದಕ್ಕೇ ಆರ್‌ಸಿಬಿಗೆ ನಾಲ್ಕನೇ ಸ್ಥಾನದಲ್ಲಿ ತೃಪ್ತಿಪಡುವ ದಾರಿಯೇ ಇರಲಿಲ್ಲ. ಎವರ್ಟನ್‌ನವರಿಗೆ ಇದನ್ನು ಹೇಳಿದರೆ ಅರ್ಥವಾಗುತ್ತದೆ, ಆದರೆ ಬಾಯಿಬಿಟ್ಟು ಹೇಳೋಕೆ ಹೆದರುತ್ತಾರೆ. ಹೇಳಿದರೆ ದೃಷ್ಟಿ ತಾಗುತ್ತದೆ ಅನ್ನುವ ಹಾಗೆ.

2025ರ ನವೆಂಬರ್ 24ರ ರಾತ್ರಿ ಆ ಹೆದರಿಕೆ ಸ್ವಲ್ಪ ಬಿಟ್ಟಿತು. ಓಲ್ಡ್ ಟ್ರಾಫರ್ಡ್. 13ನೇ ನಿಮಿಷಕ್ಕೆ ಗೇಯೆ ತನ್ನದೇ ತಂಡದ ಮೈಕಲ್ ಕೀನ್ ಕೆನ್ನೆಗೆ ಹೊಡೆದು ರೆಡ್ ಕಾರ್ಡ್ ತಗೊಂಡ. ಇಂಥದ್ದನ್ನು ಯಾರೂ ಕನಸಲ್ಲೂ ಎಣಿಸಿರಲ್ಲ. ಹತ್ತೇ ಜನ, ಎದುರಿಗೆ ಯುನೈಟೆಡ್. ಅರ್ಧ ಗಂಟೆಯಾಗುವಷ್ಟರಲ್ಲಿ ಡ್ಯೂಸ್‌ಬರಿ-ಹಾಲ್ ಗೋಲ್ ಹೊಡೆದ, ಉಳಿದ ಹೊತ್ತೆಲ್ಲ ಪಿಕ್‌ಫರ್ಡ್, ಟಾರ್ಕೋವ್‌ಸ್ಕಿ, ಅದೇ ಪೆಟ್ಟು ತಿಂದ ಕೀನ್ ಎಲ್ಲ ಸೇರಿ ಗೋಡೆಯಂತೆ ನಿಂತರು, 1-0. ಎದುರಾಳಿ ತಂಡದ ಮ್ಯಾನೇಜರ್ ಆಗಿ ಆ ಮೈದಾನದಲ್ಲಿ ಮೋಯ್ಸ್ ಲೀಗ್ ಪಂದ್ಯ ಗೆದ್ದದ್ದು ಅದೇ ಮೊದಲು. ಮರುದಿನ ದೊಡ್ಡವರ ಮನೆ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಾರೆ ಅಂದಿದ್ದ ಆ ಮಗನೇ ಅಪ್ಪನಿಗೆ ಫೋನ್ ಮಾಡಿ ಅರ್ಧ ಗಂಟೆ ಮೋಯ್ಸ್ ಬಗ್ಗೆ ಮಾತಾಡಿದನಂತೆ. ಆಮೇಲೆ ಅಪ್ಪನೇ ಅಂದರಂತೆ, "ಸರಿ, ಆದರೆ ಗೇಯೆ ಇನ್ನು ಮೂರು ಪಂದ್ಯ ಇಲ್ಲ, ಆ ಜಾಗಕ್ಕೆ ಇನ್ನೊಬ್ಬನನ್ನು ಬೇಸಿಗೆಯಲ್ಲೇ ತರಬೇಕಿತ್ತು" ಅಂತ.

ನನ್ನನ್ನು ಕೇಳಿದರೆ ಮೋಯ್ಸ್‌ಗೆ ಇನ್ನೂ ಎರಡು ಬೇಸಿಗೆ ಕೊಡಬೇಕು. ಖಾಲಿ ತಂಡವನ್ನು ಒಂದೇ ಸಲಕ್ಕೆ ತುಂಬಿಸೋಕೆ ಆಗಲ್ಲ. ಮೊದಲು ರೈಟ್ ಬ್ಯಾಕ್, ಆಮೇಲೆ ಗೇಯೆ ನಂತರದ ಮನುಷ್ಯ, ಆಮೇಲೆ ಉಳಿದದ್ದು. ಅದರ ಜೊತೆಗೆ, ಮುಂದಿನ ಸಲ ಲೀಗ್ ಕಪ್ ಪಂದ್ಯಕ್ಕೆ ಪೂರ್ತಿ ಬಲದ ತಂಡ ಇಳಿಸಿ ಅಂತ ಅಪ್ಪ-ಮಗ ಇಬ್ಬರೂ ಒಟ್ಟಿಗೆ ಕೂಗಿ ಹೇಳಲಿ.