ಜೋಡಿ ಪದಗಳನ್ನು ಜೋಡಿಯಾಗಿ ಕಲಿಸಬೇಡಿ

ಒಂದೇ ಥರ ಕೇಳಿಸುವ, ಅರ್ಥ ಮಾತ್ರ ಬೇರೆ ಇರುವ ಇಂಗ್ಲಿಷ್ ಪದಗಳನ್ನು ಮಕ್ಕಳಿಗೆ ಜೋಡಿ ಮಾಡಿ ಕಲಿಸುತ್ತಾರೆ. ಅದು ಬೇಡ ಅಂತ ನಾನು ಯಾಕೆ ಹೇಳುತ್ತೇನೆ ಕೇಳಿ. ಕಾರವಾರದಲ್ಲಿ ನನ್ನದೊಂದು ಪುಟ್ಟ ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ಇದೆ. ಹದಿನಾಲ್ಕು ವರ್ಷವಾಯಿತು. ಸಾಲದ ಅರ್ಜಿ, ರಜೆ ಚೀಟಿ, ಬಯೋಡೇಟಾ, ದೂರಿನ ಪತ್ರ, ಎಲ್ಲವೂ ನನ್ನ ಕೈದಾಟಿಯೇ ಹೋಗುತ್ತವೆ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಬಂದಿದ್ದ. ಡಿಪ್ಲೊಮಾ ಮುಗಿಸಿದ್ದ. ನೌಕಾನೆಲೆಯಲ್ಲಿ ಗುತ್ತಿಗೆ ಕೆಲಸ ಹಿಡಿದಿದ್ದ ಒಂದು ಕಂಪನಿಗೆ ಅರ್ಜಿ ಹಾಕಬೇಕಿತ್ತು. ಅವನು ಬರೆದು ತಂದಿದ್ದ, ನಾನು ಟೈಪ್ ಮಾಡಿದೆ. ಅದರಲ್ಲಿ ನೇವಲ್ ಎಂಬ ಪದ ಮೂರು ಸಲ ಬಂದಿತ್ತು. ಮೂರು ಸಲವೂ ವಿ ಆದಮೇಲೆ ಎ ಇರಬೇಕಾದ ಕಡೆ ಇ ಹಾಕಿದ್ದೆ. ಎ ಇದ್ದರೆ ನೌಕಾಪಡೆಯ ಸಂಬಂಧದ್ದು. ಇ ಇದ್ದರೆ ಹೊಕ್ಕುಳು.

ಇಂಟರ್‌ವ್ಯೂನಲ್ಲಿ ಒಬ್ಬರು ಆ ಸಾಲನ್ನು ಜೋರಾಗಿ ಓದಿದರಂತೆ. ಕೋಣೆಯಲ್ಲಿ ಇದ್ದವರೆಲ್ಲ ನಕ್ಕರಂತೆ. ಹುಡುಗ ವಾಪಸ್ ಬಂದು ನನ್ನ ಮುಂದೆ ನಿಂತ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ನಂಗೆ ಇಂಗ್ಲಿಷ್ ಬರೂದಿಲ್ಲ ಅಕ್ಕಾ, ಇನ್ನು ಇಂಥಾ ಕಡೆ ಹೋಗೂದಿಲ್ಲ" ಅಂದ. ತಪ್ಪು ನನ್ನದು, ನಾಚಿಕೆ ಅವನದ್ದಾಯಿತು.

ಕಂಪ್ಯೂಟರ್ ಯಾಕೆ ಹೇಳಲಿಲ್ಲ ಅಂತ ಕೇಳಬಹುದು. ಇಲ್ಲದ ಪದ ಬರೆದರೆ ಅದು ಕೆಂಪು ಗೆರೆ ಎಳೆಯುತ್ತದೆ. ಇವು ಎರಡೂ ಇರುವ ಪದಗಳೇ. ಹಾಗಾಗಿ ಅದು ಸುಮ್ಮನಿತ್ತು. ಈಗಿನ ಪ್ರೋಗ್ರಾಂಗಳು ಕೆಲವೊಮ್ಮೆ ಹಿಡಿಯುತ್ತವೆ, ಕೆಲವೊಮ್ಮೆ ಬಿಡುತ್ತವೆ. ಅದನ್ನೇ ನಂಬಿ ಕೂರುವ ಹಾಗಿಲ್ಲ.

ಆ ದಿನ ರಾತ್ರಿ ನಿದ್ದೆ ಬರಲಿಲ್ಲ. ನಿಘಂಟು ತೆಗೆದು ಕೂತೆ. ಆಗ ಕಂಡದ್ದನ್ನು ಇವತ್ತಿಗೂ ಮರೆತಿಲ್ಲ. ಲ್ಯಾಟಿನ್‌ನಲ್ಲಿ ಹಡಗಿಗೆ ನಾವಿಸ್ ಅನ್ನುತ್ತಾರೆ. ನೌಕಾಪಡೆಯ ನೇವಲ್ ಬಂದದ್ದು ಅಲ್ಲಿಂದ. ನಾವು ಹೇಳುವ ನಾವೆ, ನೌಕೆ, ನಾವಿಕ ಎಲ್ಲ ಸಂಸ್ಕೃತದ ಕಡೆಯಿಂದ ಬಂದ ಅದರ ದಾಯಾದಿಗಳು. ಇನ್ನು ಹೊಕ್ಕುಳಿನ ನೇವಲ್ ಇಂಗ್ಲಿಷಿನ ಹಳೆಯ ಮನೆ ಮಾತು. ಅದು ಯಾರ ನೆಂಟ ಗೊತ್ತಾ? ನಾಭಿಯ ನೆಂಟ! ಅಂದರೆ ಆ ಹುಡುಗನಿಗೆ ಎರಡು ಪದವೂ ಹುಟ್ಟಿದಾಗಿನಿಂದ ಗೊತ್ತಿತ್ತು. ನಾವೆಯೂ ಗೊತ್ತು, ನಾಭಿಯೂ ಗೊತ್ತು. 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಶುರುವಾದ ಊರು ಇದು. ಆ ನೆಲೆ ಕಟ್ಟಿದ ಯೋಜನೆಯ ಸೀಬರ್ಡ್ ಅನ್ನುವ ಹೆಸರು ಪುಟ್ಟ ಮಕ್ಕಳ ಬಾಯಲ್ಲೂ ಇದೆ. ಆದರೂ ನೇವಲ್ ಅಂದರೆ ನಾವೆಯ ಪದ ಅಂತ ನಮಗೆ ಯಾರೂ ಹೇಳಿಕೊಡಲಿಲ್ಲ. ಈಗ ಟೈಪ್ ಮಾಡುವಾಗ ಮನಸ್ಸಿನಲ್ಲೇ "ನಾ-ವಾ-ಲ್" ಅಂತ ಎಳೆದು ಹೇಳಿಕೊಳ್ಳುತ್ತೇನೆ. ಎರಡು ಎ ತಾನಾಗಿ ಬೆರಳಿಗೆ ಬರುತ್ತವೆ.

ಸಂಜೆ ಹೊತ್ತು ಅಕ್ಕಪಕ್ಕದ ಮಕ್ಕಳು ಹೋಂವರ್ಕ್ ಹಿಡಿದುಕೊಂಡು ಅಂಗಡಿಗೆ ಬರುತ್ತಾರೆ. ಅವರ ಪುಸ್ತಕ ನೋಡಿದರೆ ಬೇಜಾರಾಗುತ್ತದೆ. ಒಂದು ಪುಟ, ನಡುವೆ ಗೆರೆ, ಆ ಕಡೆ ಒಂದು ಪದ, ಈ ಕಡೆ ಅದರಂತೆಯೇ ಕಾಣುವ ಇನ್ನೊಂದು. ಹೀಗೆ ಇಪ್ಪತ್ತು ಜೋಡಿ. ಬಾಯಿಪಾಠ ಮಾಡಿಕೊಂಡು ಬಾ ಅಂತ ಹೇಳಿ ಕಳಿಸುತ್ತಾರೆ. ಮಗುವಿಗೆ ಕೊನೆಗೆ ಉಳಿಯುವುದೇನು? ಹೀಗೆ ಎರಡು ಇವೆ, ನಾನು ತಪ್ಪು ಮಾಡುತ್ತೇನೆ ಅನ್ನುವುದಷ್ಟೇ. ಯಾವುದು ಯಾವುದು ಅನ್ನುವುದು ಎರಡೇ ದಿನಕ್ಕೆ ಹಾರಿಹೋಗುತ್ತದೆ. ಗೊಂದಲ ಇಲ್ಲದ ಕಡೆ ನಾವೇ ಗೊಂದಲ ಬಿತ್ತುತ್ತಿದ್ದೇವೆ ಅಂತ ನನಗೆ ಅನಿಸುತ್ತದೆ.

ನನ್ನ ತವರು ಶಿರಸಿ ಕಡೆ. ನಾನು ದನ ಮತ್ತು ಧನ ಯಾವತ್ತೂ ಅದಲು ಬದಲು ಬರೆದವಳಲ್ಲ. ಯಾಕೆಂದರೆ ಅಕ್ಷರ ಕಲಿಯುವ ಮೊದಲೇ ದನ ಕೊಟ್ಟಿಗೆಯಲ್ಲಿತ್ತು. ಅದಕ್ಕೆ ಹುಲ್ಲು ಹಾಕಿದ್ದೆ, ಅದರ ಹೆಸರು ಕೂಗಿದ್ದೆ. ಧನ ಅನ್ನುವ ಪದ ಎಷ್ಟೋ ವರ್ಷ ಬಿಟ್ಟು ಧನಲಕ್ಷ್ಮಿಯ ಜೊತೆ ಬಂತು. ಆ ಹೊತ್ತಿಗೆ ದನ ನನ್ನೊಳಗೆ ಗಟ್ಟಿಯಾಗಿ ಕೂತಾಗಿತ್ತು. ಇಲ್ಲಿನ ಮಕ್ಕಳಿಗೆ ಬಂಗಡೆ, ತಾರ್ಲೆ ಎಂದಾದರೂ ಗೊಂದಲ ಆಗಿದೆಯಾ? ಬೇರೆ ಬೇರೆ ದಿನ, ಬೇರೆ ಬೇರೆ ಸಾರಿನಲ್ಲಿ ಬಂದ ಮೀನು ಅವು.

ಹಾಗಾಗಿ ನಾನು ಹೇಳುವುದು ಇಷ್ಟೇ. ಒಂದನ್ನು ಮೊದಲು ಕಲಿಸಿ. ಒಂದು ತಿಂಗಳು ಅದೊಂದೇ ಇರಲಿ. ಅದರಲ್ಲಿ ವಾಕ್ಯ ಮಾಡಲಿ, ಚೀಟಿ ಬರೆಯಲಿ. ಅದು ಬೇರು ಬಿಟ್ಟ ಮೇಲೆ ಎರಡನೆಯದು ಬರಲಿ. ಬಂದಾಗಲೂ ಬರೀ ಅಕ್ಷರವಾಗಿ ಬರಬಾರದು, ತನ್ನ ಕಥೆ ಹೊತ್ತುಕೊಂಡು ಬರಬೇಕು.

ಕಥೆ ಇಲ್ಲದ ಪದ ಇಲ್ಲ. ಸ್ಟೇಷನರಿ ನೋಡಿ. ಪೆನ್ನು ಕಾಗದದ್ದು ಇ ಇರುವ ಸ್ಟೇಷನರಿ, ನಿಂತಲ್ಲೇ ನಿಂತದ್ದು ಎ ಇರುವ ಸ್ಟೇಷನರಿ. ನನ್ನ ಅಂಗಡಿಯ ಬೋರ್ಡಿನಲ್ಲೇ ಆರು ವರ್ಷ ಎ ಇತ್ತು. ಮೂಲ ನೋಡಿದರೆ ಎರಡೂ ಒಂದೇ. ಹಿಂದೆ ಯುರೋಪಿನಲ್ಲಿ ಹೆಚ್ಚಿನ ವ್ಯಾಪಾರಿಗಳು ಊರೂರು ತಿರುಗಿ ಮಾರುತ್ತಿದ್ದರು. ಪುಸ್ತಕ, ಕಾಗದ ಮಾರುವವರು ಮಾತ್ರ ವಿಶ್ವವಿದ್ಯಾಲಯಗಳ ಹತ್ತಿರ ಒಂದೇ ಕಡೆ ಅಂಗಡಿ ಇಟ್ಟು ನಿಂತರು. ನಿಂತವರಿಗೆ ಸ್ಟೇಷನರ್ ಅಂತ ಹೆಸರಾಯಿತು, ಅವರು ಮಾರುವ ಸಾಮಾನಿಗೆ ಸ್ಟೇಷನರಿ. ಇದನ್ನು ಮಕ್ಕಳಿಗೆ ಹೇಳುವಾಗ ಶಿರಸಿಯ ಮಾರಿಕಾಂಬಾ ಜಾತ್ರೆ ನೆನಪಿಸುತ್ತೇನೆ. ಎರಡು ವರ್ಷಕ್ಕೊಮ್ಮೆ ಬಂದು ಬಳೆ, ಪಾತ್ರೆ ಮಾರಿ ಹೋಗುವ ಅಂಗಡಿಗಳು ಒಂದು ಕಡೆ. ವರ್ಷಪೂರ್ತಿ ಅಲ್ಲೇ ಇರುವ ಪುಸ್ತಕದಂಗಡಿ ಇನ್ನೊಂದು ಕಡೆ. ಪೆನ್ನು ಅಂದಾಗ ಕೇಳುವ ಕನ್ನಡದ ಎ ಕಾರ, ಅದೇ ಇಂಗ್ಲಿಷಿನ ಇ ಅಕ್ಷರ. ಹೀಗೆ ಹೇಳಿದ ಮಗು ಮತ್ತೆ ತಪ್ಪಿದ್ದನ್ನು ನಾನು ನೋಡಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಸಲ್. ಸಮುದ್ರದ ಬಂಡೆಗೆ ಅಂಟಿಕೊಂಡಿರುವ ನೀಲಿಕಲ್ಲು ಅನ್ನುವ ಚಿಪ್ಪುಮೀನಿಗೂ ಮಸಲ್, ತೋಳಿನ ಮಾಂಸಖಂಡಕ್ಕೂ ಮಸಲ್. ಬರೆಯುವಾಗ ಬೇರೆ. ನೀಲಿಕಲ್ಲಿನದ್ದಕ್ಕೆ ಎರಡು ಎಸ್, ತೋಳಿನದ್ದಕ್ಕೆ ಎಸ್ ಆದಮೇಲೆ ಸಿ. ಎರಡೂ ಲ್ಯಾಟಿನ್‌ನ ಒಂದೇ ಪದದಿಂದ ಬಂದಿವೆ. ಆ ಪದದ ಅರ್ಥ ಪುಟ್ಟ ಇಲಿ! ತೋಳು ಮಡಚಿದಾಗ ಚರ್ಮದ ಕೆಳಗೆ ಇಲಿ ಓಡಿದ ಹಾಗೆ ಕಾಣುತ್ತದೆ ಅಲ್ವಾ, ಅದಕ್ಕೆ. ಇಂಗ್ಲಿಷಿನ ಮೌಸ್ ಮತ್ತು ನಮ್ಮ ಗಣಪತಿಯ ಮೂಷಿಕ ಕೂಡ ಒಂದೇ ಬಳ್ಳಿಯ ಕಾಯಿಗಳು. ಒಬ್ಬ ಮೀನುಗಾರರ ಮನೆಯ ಹುಡುಗಿಗೆ ಇದನ್ನು ಹೇಳಿದೆ. ತೋಳು ಮಡಚಿ ಮಡಚಿ ನೋಡಿಕೊಂಡಳು. ನೀಲಿಕಲ್ಲಿಗೆ ಎರಡು ಚಿಪ್ಪು, ಅದಕ್ಕೇ ಎರಡು ಎಸ್ ಅಂತ ಅವಳೇ ಕಂಡುಹಿಡಿದಳು. ನನಗೆ ಹೊಳೆದಿರಲಿಲ್ಲ.

ಇಂಗ್ಲಿಷ್ ಮಕ್ಕಳಿಗಾಗಿ ಮಾಡಿದ ಜಾಣ್ಮೆಯ ಸೂತ್ರಗಳು ನಮ್ಮ ಮಕ್ಕಳಿಗೆ ಹತ್ತುವುದಿಲ್ಲ. ಪ್ರಿನ್ಸಿಪಲ್ ನಿನ್ನ ಪಾಲ್, ಅಂದರೆ ಗೆಳೆಯ, ಹಾಗಾಗಿ ಕೊನೆಗೆ ಎ ಬರುತ್ತದೆ ಅಂತ ಹೇಳಿಕೊಡುತ್ತಾರೆ. ಪಾಲ್ ಅಂದರೆ ಗೆಳೆಯ ಅಂತ ಗೊತ್ತಿಲ್ಲದ ಮಗುವಿಗೆ ಅದೇ ಇನ್ನೊಂದು ಪಾಠ. ನಾವು ಪ್ರಿನ್ಸಿಪಾಲರು ಅಂತ ಎಳೆದೇ ಹೇಳುತ್ತೇವಲ್ಲ. ಆ "ಪಾ" ದಲ್ಲಿರುವ ದೀರ್ಘವೇ ಎ. ಸಾಲದ ಕಾಗದದಲ್ಲಿ ಅಸಲಿಗೂ ಇದೇ ಪದ, ಯಾಕೆಂದರೆ ಅದೂ ಮುಖ್ಯವಾದದ್ದು. ತತ್ವ ಅನ್ನುವ ಅರ್ಥ ಬಂದಾಗ ಮಾತ್ರ ಕೊನೆಗೆ ಎಲ್, ಇ. ಊಟದ ಕೊನೆಯ ಸಿಹಿ ಡಿಸರ್ಟ್‌ಗೆ ಎರಡು ಎಸ್, ಸಕ್ಕರೆಗೆ ಒತ್ತು ಇದ್ದ ಹಾಗೆ. ಮರಳುಗಾಡಿನ ಡೆಸರ್ಟ್‌ಗೆ ಒಂದೇ. ರೈಲಿನ ಬರ್ತ್‌ಗೆ ಇ, ಹುಟ್ಟಿಗೆ ಐ.

ಲೂಸ್ ಬಗ್ಗೆ ಸ್ವಲ್ಪ ಹೇಳಬೇಕು. ಸಡಿಲಕ್ಕೆ ಎರಡು ಓ, ಕಳೆದುಕೊಳ್ಳುವುದಕ್ಕೆ ಒಂದು ಓ. ದಿನಕ್ಕೆ ಒಂದಾದರೂ ಇಂಥ ತಪ್ಪು ನನ್ನ ಮೇಜಿನ ಮೇಲೆ ಬರುತ್ತದೆ. ಇಂಗ್ಲಿಷಿನವರು ಮೊದಲನೆಯದರಲ್ಲಿ ಸ ಹೇಳುತ್ತಾರೆ, ಎರಡನೆಯದರಲ್ಲಿ ಝೇಂಕರಿಸುವ ಝೆಡ್ ಸದ್ದು. ಕನ್ನಡದಲ್ಲಿ ಆ ಸದ್ದಿಗೆ ಬೇರೆ ಅಕ್ಷರವೇ ಇಲ್ಲ. ಹಾಗಾಗಿ ನಮ್ಮ ಕಿವಿಗೆ ಎರಡೂ ಒಂದೇ. ಆದರೆ ಕೊಂಕಣಿಯಲ್ಲಿ ಎರಡು ಬಗೆಯ ಜ ಇದೆ. ಒಂದು ನಮ್ಮ ಜ, ಇನ್ನೊಂದು ನಾಲಿಗೆಯ ತುದಿ ಹಲ್ಲಿನ ಹಿಂದೆ ತಾಗಿ ಹೊರಡುವ ಜ. ಮನೆಯಲ್ಲಿ ಕೊಂಕಣಿ ಮಾತಾಡುವ ಮಕ್ಕಳು ಲೂಸ್ ಮತ್ತು ಲೂಝ್ ನಡುವಿನ ವ್ಯತ್ಯಾಸವನ್ನು ಬೇಗ ಹಿಡಿಯುತ್ತಾರೆ. ಅಡ್ವೈಸ್, ಅಡ್ವೈಝ್ ಕೂಡ ಹಾಗೆಯೇ. ಮನೆಮಾತನ್ನು ಶಾಲೆಯ ಬಾಗಿಲಲ್ಲೇ ಬಿಟ್ಟು ಬಾ ಅನ್ನುವವರು ಇದನ್ನು ಯೋಚಿಸಬೇಕು. ಆ ಮಗುವಿಗೆ ಇಂಗ್ಲಿಷ್ ಕಲಿಯಲು ಇದ್ದ ಒಳ್ಳೆಯ ಆಸರೆಯನ್ನೇ ಕಿತ್ತುಕೊಂಡ ಹಾಗೆ ಅದು.

ಇನ್ನೊಂದು ವಿಷಯ ಮಕ್ಕಳಿಗೆ ಹೇಳಲೇಬೇಕು. ತಪ್ಪು ಅವರ ತಲೆಯದ್ದಲ್ಲ. ನಾವು ಕನ್ನಡದಲ್ಲಿ ಆಡಿದ ಹಾಗೆ ಬರೆಯುತ್ತೇವೆ. ಇಂಗ್ಲಿಷ್ ಹಾಗಲ್ಲ. ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ. ಆಮೇಲೆ ನಿಧಾನಕ್ಕೆ ಬರವಣಿಗೆ ಗಟ್ಟಿಯಾಗುತ್ತ ಹೋಯಿತು. ಬಾಯಿ ಮಾತ್ರ ಬದಲಾಗುತ್ತಲೇ ಇತ್ತು. ಅಂದಿನ ಬರಹಕ್ಕೂ ಇಂದಿನ ಬಾಯಿಗೂ ನಡುವೆ ಬಿದ್ದ ಆ ಕಂದಕಕ್ಕೆ ನಮ್ಮ ಹಳ್ಳಿಯ ಹುಡುಗ ಬಿದ್ದರೆ, ಮೇಲೆ ನಿಂತು ನಗುವುದು ಯಾವ ನ್ಯಾಯ? ಆ ಕೋಣೆಯಲ್ಲಿ ನಕ್ಕವರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಈಗ ಅಂಗಡಿಯ ಗಾಜಿನ ಮೇಲೆ ತಿಂಗಳಿಗೊಂದು ಪದ ಬರೆದು ಅಂಟಿಸುತ್ತೇನೆ. ಅದರ ಜೋಡಿಯನ್ನು ಬರೆಯುವುದಿಲ್ಲ, ಅದೊಂದನ್ನೇ. ಪಕ್ಕದಲ್ಲಿ ನಾಲ್ಕು ಸಾಲಿನ ಕಥೆ. ಕಾಯುತ್ತ ನಿಂತವರು ಓದುತ್ತಾರೆ.

ಒಂದು ಜೋಡಿ ಮಾತ್ರ ನನಗೆ ಇನ್ನೂ ಬಗೆಹರಿದಿಲ್ಲ. ಅಫೆಕ್ಟ್ ಮತ್ತು ಎಫೆಕ್ಟ್. ಎ ಇಂದ ಶುರುವಾದದ್ದು ತಟ್ಟುವುದು, ಇ ಇಂದ ಶುರುವಾದದ್ದು ತಟ್ಟಿದ ಮೇಲೆ ಆದ ಪರಿಣಾಮ. ಹೆಚ್ಚಿನ ಕಡೆ ಇಷ್ಟು ಸಾಕು. ಆದರೆ ದನ, ನಾವೆ, ಪ್ರಿನ್ಸಿಪಾಲರ "ಪಾ" ಹಾಗೆ ಕೈಗೆ ಸಿಗುವ ಕನ್ನಡದ ಕೊಂಡಿ ಇದಕ್ಕೆ ಸಿಕ್ಕಿಲ್ಲ. ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಸಾಲದ ಕಂತು ಮುಂದೂಡಿ ಅಂತ ಪತ್ರ ಬರೆಸಲು ದೋಣಿಯವರು ಬರುತ್ತಾರೆ. ಆ ಪತ್ರಗಳಲ್ಲೆಲ್ಲ ಈ ಎರಡು ಪದ ಇದ್ದೇ ಇರುತ್ತವೆ. ನಿಮ್ಮಲ್ಲಿ ಯಾರಿಗಾದರೂ ಒಳ್ಳೆಯ ಕೊಂಡಿ ಹೊಳೆದರೆ ಹೇಳಿ. ಕೊಂಕಣಿಯಲ್ಲಿದ್ದರೂ ಸರಿ. ಮೇ ತಿಂಗಳ ಒಳಗೆ ಗಾಜಿನ ಮೇಲೆ ಅಂಟಿಸಬೇಕು.