ಶುಕ್ರವಾರದ ಜ್ವರ

ನಾನು ಸೆಕೆಂಡ್ ಪಿಯುಸಿಯನ್ನು ಮೂರು ಸಲ ಬರೆದವನು. ಎಲ್ಲ ವಿಷಯ ಅಲ್ಲ, ಇಂಗ್ಲಿಷ್ ಒಂದೇ. ಮೊದಲ ಸಲ 31 ಬಂತು. ಅಕ್ಟೋಬರ್‌ನಲ್ಲಿ ಕಟ್ಟಿದೆ, 28 ಬಂತು. ಮರುವರ್ಷ ಸರಿಯಾಗಿ 35. ಆಗ ಪಾಸಾಗಲು ಬೇಕಿದ್ದದ್ದೂ ಅಷ್ಟೇ. ಒಂದು ಅಂಕವನ್ನೂ ವೇಸ್ಟ್ ಮಾಡಲಿಲ್ಲ.

ಇಂಥ ನನ್ನನ್ನು ಹೋದ ವರ್ಷ ಜೂನ್‌ನಲ್ಲಿ ಅಕ್ಕ ಮನೆಗೆ ಕರೆಸಿದಳು. ಮಂಡ್ಯದಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆಗೆ ಅವಳ ಮನೆ. ಸುಮ್ನೆ ಕರೆಯುವವಳಲ್ಲ. ಹೋದರೆ ಚಾಪೆ ಹಾಸಿ, ಪೆನ್ನು, ಸ್ಕೇಲು ಎಲ್ಲಾ ರೆಡಿ ಇಟ್ಟಿದ್ದಳು.

"ಪುಟ್ಟಿ ಸೆಕೆಂಡ್ ಪಿಯುಸಿಗೆ ಬಂದವ್ಳೆ. ವರ್ಷಕ್ಕೆಲ್ಲ ಒಂದು ಪ್ಲಾನ್ ಹಾಕ್ಕೊಡ್ಲಾ."

"ನಾನಾ?"

"ಮತ್ತಿನ್ಯಾರು? ನಮ್ಮ ಮನೇಲಿ ಪಿಯುಸಿ ಬಗ್ಗೆ ನಿನ್ನಷ್ಟು ಅನುಭವ ಇರೋರು ಯಾರವ್ರೆ?"

ಬೈದಳೋ ಹೊಗಳಿದಳೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಕಾಫಿ ಬಂತು. ಹೊಗಳಿದ್ದೇ ಇರಬೇಕು ಅಂದುಕೊಂಡು ಕೂತೆ.

ಪುಟ್ಟಿ ತಗೊಂಡಿರುವುದು ಪಿಸಿಎಂಬಿ. ಅದು ಅವಳು ತಗೊಂಡದ್ದಲ್ಲ, ಮನೆಯವರು ಪಾಲು ಮಾಡಿಕೊಂಡದ್ದು. ಅಕ್ಕನಿಗೆ ಡಾಕ್ಟರ್ ಬೇಕು, ಅದಕ್ಕೆ ಬಯಾಲಜಿ. ಭಾವನಿಗೆ ಎಂಜಿನಿಯರ್ ಬೇಕು, ಅದಕ್ಕೆ ಮ್ಯಾತ್ಸ್. ಫಿಸಿಕ್ಸ್, ಕೆಮಿಸ್ಟ್ರಿ ಇಬ್ಬರಿಗೂ ಜಂಟಿ ಖಾತೆ. ಪುಟ್ಟಿಗೆ ಏನು ಬೇಕು ಅಂತ ಕೇಳಿದ್ದು ನಮ್ಮವ್ವ ಒಬ್ಬಳೇ. "ಬಿಎಸ್ಸಿ ಅಗ್ರಿ ಅಜ್ಜಿ, ಇಲ್ಲೇ ವಿ.ಸಿ. ಫಾರಂ ಕೃಷಿ ಕಾಲೇಜಲ್ಲಿ" ಅಂದಿದ್ದಳಂತೆ. ಆ ಮಾತು ಅಜ್ಜಿ ಮೊಮ್ಮಗಳ ನಡುವೆಯೇ ಇತ್ತು.

ಫಸ್ಟ್ ಪಿಯುಸಿಗೆ ಅರ್ಜಿ ತುಂಬಿದ ದಿನ ನೆನಪಾದರೆ ಈಗಲೂ ನಗು ಬರುತ್ತದೆ. ನಾನು ಒಂದೊಂದೇ ಕಾಂಬಿನೇಷನ್ ಗಟ್ಟಿಯಾಗಿ ಓದುತ್ತಿದ್ದೆ. ಅವ್ವ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕಾಮರ್ಸ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಇದ್ದರೆ ಸೀಬಾ ಅಂದೆ. "ಸೀಬೆಕಾಯಿ ಬೆಳೆಯೋದೂ ಹೇಳ್ಕೊಡ್ತಾರಾ? ಒಳ್ಳೇದೇ" ಅಂದಳು. ಅದಲ್ಲವ್ವ ಅಂತ ಮುಂದೆ ಓದಿದೆ. ಆರ್ಟ್ಸ್‌ನಲ್ಲಿ ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್, ಸೋಶಿಯಾಲಜಿ ಸೇರಿದರೆ ಹೆಪ್ಸ್. ಅವ್ವ ಕೈ ನಿಲ್ಲಿಸಿದಳು. "ಹೆಪ್ಪು ಹಾಕೋದ್ ಕಲಿಯಾಕೆ ಎರಡು ವರ್ಷ ಯಾಕ್ಲಾ? ನಾನು ಸಾಯಂಕಾಲಕ್ಕೇ ಕಲಿಸ್ತೀನಿ."

ಭಾಷೆ ವಿಷಯಕ್ಕೂ ಜಗಳ ಆಯಿತು. ಸಂಸ್ಕೃತ ತಗೊಂಡರೆ ನೂರಕ್ಕೆ ನೂರು ಅಂತ ಭಾವ. ಮಂಡ್ಯದಲ್ಲಿ ಹುಟ್ಟಿ ಕನ್ನಡ ಬಿಡೋದಾ ಅಂತ ನಾನು. ಭಾಷೆಯ ಅಭಿಮಾನ ಅಂತ ಎಲ್ಲರೂ ತಿಳಿದರು. ನಿಜ ಹೇಳಬೇಕೆಂದರೆ, ಕನ್ನಡವಾದರೆ ಹೋಂವರ್ಕಿಗೆ ನನ್ನನ್ನು ಕೇಳಿದಾಗ ಮಾನ ಉಳಿಯುತ್ತಲ್ಲಾ ಅನ್ನುವುದೇ ನನ್ನ ಲೆಕ್ಕ.

ಸರಿ, ಪ್ಲಾನ್ ಹಾಕಿದೆ. ಹಳೇ ಕ್ಯಾಲೆಂಡರಿನ ಹಾಳೆ ಹಿಂದೆ ತಿರುಗಿಸಿ, ಸ್ಕೇಲಿಟ್ಟು ಗೆರೆ ಎಳೆದು, ನಾಲ್ಕು ಬಣ್ಣದಲ್ಲಿ ಬರೆದೆ. ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ಸೈನ್ಸ್ ವಿಷಯಕ್ಕೆ ಪ್ರಾಕ್ಟಿಕಲ್ ಇದ್ದರೆ ಅದಕ್ಕೆ 30, ಥಿಯರಿಗೆ 70. ಭಾಷೆಗೆ 80 ಪರೀಕ್ಷೆಯದು, 20 ಕಾಲೇಜಿನವರ ಕೈಯದು. ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಈಗ ಸಪ್ಲಿಮೆಂಟರಿ ಅನ್ನುವ ಹೆಸರೂ ಇಲ್ಲ. 2024ರಲ್ಲಿ ಪರೀಕ್ಷೆ ಒಂದು, ಎರಡು, ಮೂರು ಅಂತ ಮಾಡಿದ್ದರು. ಮೂರೂ ಬರೆಯಬಹುದಿತ್ತು, ಯಾವುದರಲ್ಲಿ ಜಾಸ್ತಿ ಬಂತೋ ಅದೇ ಲೆಕ್ಕ. ನನ್ನ ಕಾಲದಲ್ಲಿ ಇದು ಇದ್ದಿದ್ದರೆ 31, 28, 35 ಎಲ್ಲವನ್ನೂ ಒಂದೇ ವರ್ಷದಲ್ಲಿ ಮುಗಿಸಿಬಿಡುತ್ತಿದ್ದೆ.

ಬೆಳಗ್ಗೆ ಐದಕ್ಕೆ ಏಳುವುದರಿಂದ ರಾತ್ರಿ ಹತ್ತರ ಹಾಲಿನವರೆಗೆ ಎಲ್ಲಕ್ಕೂ ಚೌಕ ಇತ್ತು. ಕೊನೇ ಚೌಕದಲ್ಲಿ ಹಾಜರಾತಿ ಅಂತ ಬರೆದು, ಶೇಕಡಾ 75 ಅಂತ ಹಾಕಿದೆ. ಅಷ್ಟಿಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ.

ಇಲ್ಲಿ ನನ್ನ ಬುದ್ಧಿ ಸ್ವಲ್ಪ ಜಾಸ್ತಿ ಓಡಿತು. ನಾನು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವನು. ಯಾವ ಅಂಕಿ ಕಂಡರೂ ಅದರಲ್ಲಿ ಉಳಿಕೆ ಎಷ್ಟು ಅಂತ ನೋಡುವ ಚಾಳಿ. ವರ್ಷಕ್ಕೆ 200 ದಿನ ಕಾಲೇಜು ಅಂದರೆ 150 ದಿನ ಹೋದರೆ ಸಾಕು. ಉಳಿದ 50 ದಿನ?

"ಅಕ್ಕಾ, ಐವತ್ತು ದಿನ ರಜೆ ನಮ್ಮ ಖಾತೇಲಿ ಬಿದ್ದದೆ ಕಣಕ್ಕ" ಅಂದೆ.

ಅಕ್ಕನ ಮುಖ ಅರಳಿತು. ಪುಟ್ಟಿ ಮಾತ್ರ "ಮಾವ, ಅದು ಹಂಗಲ್ಲ" ಅಂತ ಏನೋ ಹೇಳಲು ಬಂದಳು. ಪ್ಲಾನ್ ಹಾಕುವಾಗ ಮಕ್ಕಳು ಮಧ್ಯೆ ಬಾಯಿ ಹಾಕಬಾರದು ಅಂತ ಸುಮ್ಮನಾಗಿಸಿದೆ.

ಆ ಐವತ್ತಕ್ಕೆ ಗಿರಾಕಿಗಳು ಆಗಲೇ ಕಾಯುತ್ತಿದ್ದರು. ಮೊದಲು ಬಂದದ್ದು ಆಷಾಢ. ಮಗಳು ಪಾಸಾಗಲಿ ಅಂತ ಅಕ್ಕ ಚಾಮುಂಡಿಗೆ ಹರಕೆ ಹೊತ್ತಿದ್ದಳು. ಆಷಾಢದ ನಾಲ್ಕೂ ಶುಕ್ರವಾರ ಬೆಟ್ಟಕ್ಕೆ ಬರ್ತೀನಿ, ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತೀನಿ ಅಂತ. ಹಚ್ಚುವವಳು ಅಕ್ಕ, ತಟ್ಟೆ ಹಿಡಿಯುವವಳು ಪುಟ್ಟಿ. ಪಾಸಾಗಬೇಕಾದವಳೇ ಬರದಿದ್ದರೆ ತಾಯಿಗೆ ಯಾರು ಅಂತ ಗೊತ್ತಾಗಬೇಕಲ್ಲ ಅನ್ನುವುದು ಅಕ್ಕನ ವಾದ.

ಶುಕ್ರವಾರ ಪುಟ್ಟಿಗೆ ಕೆಮಿಸ್ಟ್ರಿ ಲ್ಯಾಬ್ ಇತ್ತು. ಹತ್ತೂವರೆಗೆ ಶುರು. ಇದನ್ನು ಹೇಳಿದಾಗ ಅವ್ವ ಗೂಡಿನಲ್ಲಿದ್ದ ಒಂಟಿಕೊಪ್ಪಲ್ ಪಂಚಾಂಗದ ಕಡೆ ಕೈ ತೋರಿಸಿದಳು. ನೋಡುವ ಅಗತ್ಯವೇ ಇರಲಿಲ್ಲ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. "ಆ ಹೊತ್ತಲ್ಲಿ ಆಸಿಡ್ ಮುಟ್ಟೋದಾ? ಬ್ಯಾಡ, ಬೆಟ್ಟಕ್ಕೇ ಬರ್ಲಿ" ಅಂದಳು. ವಿಜ್ಞಾನಕ್ಕೂ ಸುರಕ್ಷತೆ ಮುಖ್ಯ ಅಲ್ವಾ, ನಾನೂ ಒಪ್ಪಿದೆ.

ನಸುಕಿನಲ್ಲಿ ಎದ್ದು ಮಂಡ್ಯದಿಂದ ಕೆಂಪು ಬಸ್ಸು ಹತ್ತುವುದು. ಅಕ್ಕ, ಅವ್ವ, ಪುಟ್ಟಿ ಮೂವರೂ ಶಕ್ತಿ ಯೋಜನೆಯಲ್ಲಿ ಫ್ರೀ. ದುಡ್ಡು ಕೊಟ್ಟು ಟಿಕೆಟ್ ತಗೊಳ್ಳುವವನು ನಾನೊಬ್ಬನೇ, ಆದರೂ ನಿಂತು ಹೋಗುವವನೂ ನಾನೇ. ಮೈಸೂರಿನಲ್ಲಿ ಇಳಿದು ಬೆಟ್ಟದ ಬುಡಕ್ಕೆ ಹೋದರೆ ಅಲ್ಲಿಂದ ಮೇಲಕ್ಕೆ ಸಾವಿರ ಮೆಟ್ಟಿಲು. ಅಕ್ಕ ಬಗ್ಗಿ ಬಗ್ಗಿ ಹಚ್ಚುತ್ತಿದ್ದಳು. ಪುಟ್ಟಿ ಒಂದು ಕೈಯಲ್ಲಿ ಕುಂಕುಮದ ತಟ್ಟೆ, ಇನ್ನೊಂದು ಕೈಯಲ್ಲಿ ಫಾರ್ಮುಲಾ ಬರೆದ ಚೀಟಿ ಹಿಡಿದು ಹತ್ತುತ್ತಿದ್ದಳು. ನಂದಿ ಹತ್ತಿರ ಬರುವ ಹೊತ್ತಿಗೆ ಚೀಟಿಯೆಲ್ಲ ಅರಿಶಿನ. ಅವ್ವ ಮೆಟ್ಟಿಲ ತಂಟೆಗೆ ಬರದೆ ಬಸ್ಸಿನಲ್ಲಿ ಮೇಲೆ ಹೋಗಿ, ನಾವು ತಲುಪುವಷ್ಟರಲ್ಲಿ ಪ್ರಸಾದವನ್ನೂ ಮುಗಿಸಿ ಕೂತಿರುತ್ತಿದ್ದಳು.

ಆಷಾಢ ಮುಗಿಯಿತು. ಶ್ರಾವಣದಲ್ಲಿ ವರಮಹಾಲಕ್ಷ್ಮಿ, ಅದೂ ಶುಕ್ರವಾರವೇ. ಆಮೇಲೆ ಪಿತೃಪಕ್ಷ. ನಮ್ಮ ಕಡೆ ಪಿತೃಪಕ್ಷಕ್ಕೆ ಯಾರ ಮನೆಗೆ ಹೋಗಲಿಲ್ಲವೋ ಅವರು ಮುಂದಿನ ಪಿತೃಪಕ್ಷದವರೆಗೆ ಮಾತು ಬಿಡುತ್ತಾರೆ. ಮದ್ದೂರಿನಲ್ಲಿ ಒಂದು ಗೃಹಪ್ರವೇಶ. ಕಾರ್ತಿಕದಲ್ಲಿ ಮದುವೆ, ಮದುವೆಯ ಹಿಂದೆ ಬೀಗರೂಟ. ಸೋಮವಾರ, ಶನಿವಾರ ನಮ್ಮಲ್ಲಿ ಬಾಡು ಬೇಯುವುದಿಲ್ಲ, ಹಾಗಾಗಿ ಬೀಗರೂಟ ಬಂದು ಬೀಳುವುದು ಕಾಲೇಜಿನ ದಿನವೇ. ನಾನು ಪ್ರತಿಸಲವೂ ಚಾರ್ಟ್ ನೋಡಿ, "ಇನ್ನೂ ಉಳಿಕೆ ಅದೆ, ನಡೀರಿ" ಅನ್ನುತ್ತಿದ್ದೆ.

ರಜಾಚೀಟಿ ಬರೆಯುವ ಕೆಲಸವೂ ನನ್ನದೇ. ಕನ್ನಡದಲ್ಲಿ ಬರೆದಿದ್ದರೆ ಸಾಕಿತ್ತು. ಆದರೆ ಮೂರು ಸಲ ಕಟ್ಟಿ ಕಲಿತ ಇಂಗ್ಲಿಷನ್ನು ಮತ್ತೆಲ್ಲಿ ಬಳಸುವುದು? ತೀವ್ರ ಜ್ವರದಿಂದ ಬಳಲುತ್ತಿರುವ ಕಾರಣ ಅಂತ ಇಂಗ್ಲಿಷಿನಲ್ಲಿ ಬರೆದು, ಕೆಳಗೆ ನನ್ನ ಸಹಿ ಎಳೆಯುತ್ತಿದ್ದೆ.

ನವೆಂಬರ್ ಕೊನೆಯಲ್ಲಿ ಅಕ್ಕನ ಫೋನು ಬಂತು. "ನಿನ್ನ ಪ್ಲಾನಿಗೆ ಬೆಂಕಿ ಬೀಳ! ನೋಟೀಸ್ ಬೋರ್ಡ್‌ನಾಗೆ ಪುಟ್ಟಿ ಹೆಸರು ಹಾಕವ್ರಂತೆ."

ರ್‍ಯಾಂಕ್ ಪಟ್ಟಿ ಇರಬೇಕು ಅಂತ ಒಂದು ಗಳಿಗೆ ಖುಷಿಪಟ್ಟೆ. ಅದು ಅಟೆಂಡೆನ್ಸ್ ಶಾರ್ಟೇಜ್ ಪಟ್ಟಿ.

ಮಾರನೇ ದಿನ ಪುಟ್ಟಿ ಜೊತೆ ಕಾಲೇಜಿಗೆ ಹೋದೆ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಾಗ ಮೊಣಕಾಲು ನಡುಗಿತು. ವಯಸ್ಸು ಐವತ್ತು ದಾಟಿದರೂ ಕಾಲೇಜಿನ ಬಾಗಿಲು ಕಂಡರೆ ನನಗೆ 28 ನೆನಪಾಗುತ್ತದೆ. ಕೆಮಿಸ್ಟ್ರಿ ಮೇಡಂ ರಿಜಿಸ್ಟರ್ ತೆಗೆದರು. ಅದರ ಮಧ್ಯದಿಂದ ಗುಂಡುಪಿನ್ನು ಚುಚ್ಚಿದ್ದ ಚೀಟಿಗಳ ಕಂತೆ ಹೊರಬಂತು. ಎಲ್ಲಾ ನನ್ನ ಅಕ್ಷರ.

"ಒಟ್ಟು ಹಾಜರಾತಿ ಶೇಕಡಾ 78 ಇದೆ ಸಾರ್" ಅಂದರು.

ನನ್ನ ಲೆಕ್ಕ ಸರಿ ಇತ್ತು ನೋಡಿ ಅಂತ ಪುಟ್ಟಿ ಕಡೆ ತಿರುಗಿದೆ. ಅವಳು ನೆಲ ನೋಡುತ್ತಿದ್ದಳು.

"ಆದ್ರೆ ನನ್ನ ಲ್ಯಾಬ್ ಆಗಿರೋದು 21. ಈ ಹುಡುಗಿ ಬಂದಿರೋದು 13. ಎಂಟು ಸಲ ಇಲ್ಲ. ಎಂಟಕ್ಕೂ ಜ್ವರ. ಎಂಟೂ ಶುಕ್ರವಾರ." ಚೀಟಿಗಳನ್ನು ಇಸ್ಪೀಟಿನ ಎಲೆಯ ಹಾಗೆ ಮೇಜಿನ ಮೇಲೆ ಹರಡಿದರು. "ಮಲೇರಿಯಾ ಕೂಡ ಇಷ್ಟು ಕರೆಕ್ಟಾಗಿ ಬರಲ್ಲ."

"ದೇಹ ಪ್ರಕೃತಿ ಮೇಡಂ..." ಅಂದೆ.

"ಎರಡನೇ ಆಷಾಢ ಶುಕ್ರವಾರ ನಾನೂ ಬೆಟ್ಟದಲ್ಲಿದ್ದೆ ಸಾರ್. ನಮ್ಮನೆ ಮೈಸೂರೇ, ದಿನಾ ಟ್ರೇನಲ್ಲಿ ಓಡಾಡ್ತೀನಿ. ದರ್ಶನದ ಕ್ಯೂನಲ್ಲಿ ನಿಮ್ಮ ಹಿಂದೇನೇ ನಿಂತಿದ್ದೆ. ನಾನು ಲ್ಯಾಬ್ ಇನ್ನೊಬ್ಬರಿಗೆ ವಹಿಸಿ, ಸಿ.ಎಲ್. ಹಾಕಿ ಬಂದಿದ್ದೆ, ನಿಮ್ಮ ಹುಡುಗಿ ಜ್ವರ ಹಾಕಿ ಬಂದಿದ್ದಳು."

ಸ್ಟಾಫ್ ರೂಮಿನಲ್ಲಿ ಉಳಿದವರೆಲ್ಲ ಪೇಪರ್ ತಿದ್ದುವುದನ್ನು ನಿಲ್ಲಿಸಿದ್ದು ನನಗೆ ಕೇಳಿಸಿತು.

ಆಮೇಲೆ ಮೇಡಂ ಪೆನ್ಸಿಲ್ ತಗೊಂಡು ಲೆಕ್ಕ ಹಾಕಿದರು. ಇನ್ನು ಏಳು ಲ್ಯಾಬ್ ಬಾಕಿ. ಏಳಕ್ಕೂ ಬಂದರೆ 28ಕ್ಕೆ 20. ಬೇಕಾದದ್ದು 21. ಒಂದೇ ಒಂದು ಕಡಿಮೆ. ಎಂಟರಲ್ಲಿ ಯಾವ ಒಂದನ್ನು ಬಿಡಬಹುದಿತ್ತು ಅಂತ ನಾನು ಮನಸ್ಸಿನಲ್ಲೇ ಹುಡುಕಿದೆ. ತಾಯಿ ಚಾಮುಂಡಿಯನ್ನು ಬಿಡುವ ಹಾಗಿಲ್ಲ. ವರಮಹಾಲಕ್ಷ್ಮಿಯನ್ನೂ ಬಿಡುವ ಹಾಗಿಲ್ಲ. ಹಿರಿಯರಿಗೆ ಎಡೆ ಇಡದೆ ಆಗುತ್ತಾ? ಕೊನೆಗೆ ಬೀಗರೂಟದ ಹತ್ತಿರ ಬಂದು ನಿಂತೆ. ಆವತ್ತಿನ ಮುದ್ದೆ, ಬೋಟಿ ಗೊಜ್ಜು ನೆನಪಾಯಿತು. ಅದನ್ನೂ ಬಿಡಲು ಮನಸ್ಸು ಬರಲಿಲ್ಲ.

ಮೇಡಂ ಒಳ್ಳೆಯವರು. ಶನಿವಾರ ಮಧ್ಯಾಹ್ನ ಒಂದು ಸ್ಪೆಷಲ್ ಲ್ಯಾಬ್ ಮಾಡುತ್ತೇನೆ, ಪಟ್ಟಿಯಲ್ಲಿರುವ ಹುಡುಗರೆಲ್ಲ ಬರಲಿ, ರೆಕಾರ್ಡ್ ಕಂಪ್ಲೀಟ್ ಆಗಲಿ, ಪೋಷಕರು ಮುಚ್ಚಳಿಕೆ ಬರೆದುಕೊಡಲಿ ಅಂದರು. ನಾನು ಜೇಬಿನಿಂದ ಪೆನ್ನು ತೆಗೆದು ಇಂಗ್ಲಿಷಿನಲ್ಲಿ ಶುರು ಮಾಡಿದೆ. ಮೇಡಂ ಕೈ ಅಡ್ಡ ಹಿಡಿದರು.

"ಕನ್ನಡದಲ್ಲೇ ಬರೀರಿ ಸಾರ್, ದಯವಿಟ್ಟು. ಎಂಟು ಚೀಟಿಯಲ್ಲಿ ಫೀವರ್ ಸ್ಪೆಲಿಂಗ್ ಮೂರು ಥರ ಇದೆ."

ಆ ಶನಿವಾರ ನಾನೇ ಪುಟ್ಟಿಯನ್ನು ಬಿಟ್ಟು ಹೊರಗೆ ಕಟ್ಟೆ ಮೇಲೆ ಕೂತೆ. ಒಳಗಿನಿಂದ ಕೊಳೆತ ಮೊಟ್ಟೆ ವಾಸನೆ. ಸಾಲ್ಟ್ ಅನಾಲಿಸಿಸ್ ಅಂತೆ, ಕೊಟ್ಟ ಉಪ್ಪಿನಲ್ಲಿ ಏನಿದೆ ಅಂತ ಕಂಡುಹಿಡಿಯಬೇಕು. ಸ್ವಲ್ಪ ಹೊತ್ತಿಗೆ ಪುಟ್ಟಿ ಪರೀಕ್ಷಾನಳಿಕೆ ಹಿಡಿದು ಕಿಟಕಿ ಹತ್ತಿರ ಬಂದಳು. ಎರಡು ದ್ರವ ಒಂದರ ಮೇಲೊಂದು ನಿಂತಿತ್ತು, ಮಧ್ಯೆ ತೆಳ್ಳಗೆ ಕಂದು ಬಣ್ಣದ ಬಳೆಯಂಥ ಗೆರೆ. ನೈಟ್ರೇಟ್ ಇದ್ದರೆ ಹಾಗೆ ಉಂಗುರ ಬರುತ್ತದಂತೆ. ಮೂರು ಸಲ ಮಾಡಿದ ಮೇಲೆ ಬಂದಿತ್ತು. ಆ ಖುಷಿಗೆ, ಲ್ಯಾಬ್ ಮುಗಿದ ಕೂಡಲೇ ನನ್ನ ಫೋನ್ ಕಿತ್ತುಕೊಂಡು ಮನೆಗೆ ಮಾಡಿದಳು. "ಅಜ್ಜೀ, ಉಂಗುರ ಬಂತು!"

ಆಚೆ ಕಡೆ ಒಂದು ಕ್ಷಣ ಮೌನ. ಆಮೇಲೆ ಅವ್ವನ ಗಾಬರಿ ದನಿ, "ಯಾರ ಕಡೆಯೋರವ್ವ?"

ಪರೀಕ್ಷೆ ಚೆನ್ನಾಗಿಯೇ ಆಯಿತು. ಒಂದನೇ ಪರೀಕ್ಷೆಯಲ್ಲೇ ಪಾಸು, ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ಮೂವತ್ತಕ್ಕೆ ಮೂವತ್ತು. ಚಾರ್ಟಿನಿಂದ ಅಂತ ನಾನು, ಹರಕೆಯಿಂದ ಅಂತ ಅಕ್ಕ. ಪುಟ್ಟಿ ಯಾರಿಗೂ ಇಲ್ಲ ಅನ್ನಲಿಲ್ಲ. ಸಿಇಟಿ ಮುಗಿದ ಮೇಲೆ ಮೆಲ್ಲಗೆ ಅಗ್ರಿ ವಿಷಯ ತೆಗೆದಳು. ಕೃಷಿಕರ ಮಕ್ಕಳ ಕೋಟಾಕ್ಕೆ ಇನ್ನೊಂದು ಪ್ರಾಕ್ಟಿಕಲ್ ಇದೆ. ಬೀಜ, ಕಳೆ, ಗೊಬ್ಬರ ಎಲ್ಲ ನೋಡಿ ಗುರುತು ಹಿಡಿಯಬೇಕು. ಇದಕ್ಕೆ ಚಾರ್ಟ್ ಹಾಕಲು ನನ್ನನ್ನು ಯಾರೂ ಕರೆಯಲಿಲ್ಲ. ಅವ್ವ ಮೊರದಲ್ಲಿ ಅಲಸಂದೆ, ಹುರುಳಿ, ನವಣೆ, ಹುಚ್ಚೆಳ್ಳು ಹರಡಿಕೊಂಡು ಮೊಮ್ಮಗಳನ್ನು ಕೂರಿಸಿದಳು. ನಾನು ಸುಮ್ನೆ ಇರಲಾರದೆ ಬಗ್ಗಿ, ಹುಚ್ಚೆಳ್ಳನ್ನು ಕರಿಜೀರಿಗೆ ಅಂದೆ. "ನೀನು ಮೂರು ಸಲ ಕಟ್ಟಿದ್ದು ಯಾಕೆ ಅಂತ ಈಗ ಗೊತ್ತಾಯ್ತು" ಅಂದಳು ಅವ್ವ.

ಈ ಆಷಾಢದಲ್ಲಿ ಹರಕೆ ಒಪ್ಪಿಸಲು ಮತ್ತೆ ಬೆಟ್ಟಕ್ಕೆ ಹೋದೆವು. ಅಕ್ಕನ ಮಂಡಿ ಮೆಟ್ಟಿಲಿಗೆ ಒಪ್ಪಲಿಲ್ಲ, ಲಲಿತಮಹಲ್ ಹೆಲಿಪ್ಯಾಡ್ ಹತ್ತಿರ ಬಸ್ಸಿಗೆ ನಿಂತೆವು. ಶುಕ್ರವಾರದ ಜನ ಕೇಳಬೇಕಾ? ಕ್ಯೂ ಹಾವಿನ ಹಾಗೆ ಸುತ್ತಿತ್ತು. ಸುತ್ತಿ ಬಂದ ಕಡೆ ನೋಡಿದರೆ ನಮ್ಮ ಪಕ್ಕದ ಸಾಲಿನಲ್ಲಿ ಕೆಮಿಸ್ಟ್ರಿ ಮೇಡಂ. ಜೊತೆಗೆ ಎಂಟೊಂಬತ್ತು ವರ್ಷದ ಹುಡುಗ. ಮೇಲೆ ಬಣ್ಣದ ಟೀಶರ್ಟು, ಕೆಳಗೆ ಸ್ಕೂಲಿನ ಯೂನಿಫಾರಂ ಚಡ್ಡಿ.

ನಾನು ನಮಸ್ಕಾರ ಮಾಡಿದೆ. ಏನೂ ಕೇಳಲಿಲ್ಲ. ಚಡ್ಡಿಯ ಕಡೆ ಸುಮ್ನೆ ಒಂದು ಸಲ ನೋಡಿದೆ, ಅಷ್ಟೇ.

ಮೇಡಂ ಹುಡುಗನನ್ನು ಹತ್ತಿರ ಎಳೆದುಕೊಂಡು ಹಣೆ ಮುಟ್ಟಿ ನೋಡಿದರು. "ಬೆಳಗ್ಗೆಯಿಂದ ಸ್ವಲ್ಪ ಬೆಚ್ಚಗಿದೆ ಸಾರ್" ಅಂದರು.