ಯಾವೂರಪ್ಪಾ ನಿಂದು?

ಹೋದ ಭಾನುವಾರ ರಾತ್ರಿ ನಮ್ಮೂರಿನ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಬಂತು. ಕೆರೆ ಏರಿ ಮೇಲೆ ಯಾರೋ ಒಬ್ಬ ನಿಂತಿದ್ದಾನೆ. ತಲೆಗೆ ಹಸಿರು ಟವೆಲ್ ಸುತ್ತಿದ್ದಾನೆ. ಮುಖ ಕಾಣಲ್ಲ. ಕೆಳಗೆ 'ಮಕ್ಕಳ ಕಳ್ಳರು ಬಂದವ್ರೆ, ಎಲ್ರೂ ಹುಷಾರು' ಅಂತ ಬರೆದಿತ್ತು.

ಮಾರಿಹಬ್ಬಕ್ಕೆ ಅಂತ ನಾನು ಊರಲ್ಲೇ ಇದ್ದೆ. ಮದ್ದೂರು ಕಡೆಯ ಸಣ್ಣ ಊರು ನಮ್ಮದು. ಓಡಿ ಹೋಗುವಷ್ಟರಲ್ಲಿ ಅವನನ್ನು ಎಳೆದುಕೊಂಡು ಬಂದು ಅರಳಿಕಟ್ಟೆ ಮುಂದೆ ಕೂರಿಸಿದ್ದರು. ಸುತ್ತ ಮೂವತ್ತು ಜನ. ಒಂದು ಕೈಯಲ್ಲಿ ದೊಣ್ಣೆ, ಇನ್ನೊಂದರಲ್ಲಿ ಮೊಬೈಲು.

ಹುಡುಗನಿಗೆ ಇಪ್ಪತ್ತೂ ತುಂಬಿರಲಿಕ್ಕಿಲ್ಲ. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅವನ ಕೈ. ಮುಂಗೈ ಮೇಲೆಲ್ಲ ಚುಕ್ಕೆ ಚುಕ್ಕೆ ಸುಟ್ಟ ಗಾಯ. ಉಗುರಿನ ಸಂದಿಯಲ್ಲಿ ಕಂದು ಅಂಟು. ಕೊಪ್ಪರಿಗೆ ಮುಂದೆ ನಿಂತು ಬೆಲ್ಲ ಕಾಯಿಸುವವರ ಕೈ ಹಾಗೇ ಇರುತ್ತದೆ. ನಮ್ಮಪ್ಪನ ಕೈಯೂ ಹಾಗೇ ಇತ್ತು. ಕಬ್ಬಿನ ನಡುವೆಯೇ ಹುಟ್ಟಿ ಬೆಳೆದ ಅಷ್ಟೂ ಜನರಲ್ಲಿ ಒಬ್ಬರೂ ಆ ಕೈ ನೋಡಲಿಲ್ಲವಲ್ಲ, ಅದು ನನಗೆ ಇನ್ನೂ ನೋಯುತ್ತಿದೆ.

ಗಲಾಟೆ ಕೇಳಿ ನಮ್ಮ ದೊಡ್ಡವ್ವ ಬಂದರು. 'ಯಾವೂರಪ್ಪಾ ನಿಂದು? ಏನಾರ ಉಂಡಿದ್ದೀಯಾ?' ಅಂದರು. ಅವನಿಗೆ ಕನ್ನಡ ಬರಲ್ಲ. ಬರುವುದು ಒಂದೇ ಪದ. 'ಆಲೆಮನೆ, ಆಲೆಮನೆ' ಅಂದ. ಆಗಿನಿಂದಲೂ ಅದನ್ನೇ ಹೇಳುತ್ತಿದ್ದನಂತೆ. ಕೂಗಾಟದಲ್ಲಿ ಯಾರಿಗೂ ಕೇಳಿಸಿಲ್ಲ. ಬಿಹಾರದವನು. ಆಲೆಮನೆ ಹತ್ರ ನೆಟ್‌ವರ್ಕ್ ಸಿಗಲ್ಲ ಅಂತ ಅಮ್ಮನಿಗೆ ಫೋನ್ ಮಾಡಲು ಏರಿ ಹತ್ತಿದ್ದ, ಅಷ್ಟೇ.

ನಮ್ಮ ಊರುಗಳಿಗೆ ಗುರುತಿಲ್ಲದವರು ಬರುವುದು ಹೊಸದಾ? ನಾನು ಚಿಕ್ಕವನಿದ್ದಾಗ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ ಬುಡುಬುಡಿಕೆಯವನು ಬರುತ್ತಿದ್ದ. ರಾತ್ರಿಯೆಲ್ಲ ಸ್ಮಶಾನದಲ್ಲಿದ್ದು ಹಾಲಕ್ಕಿ ನುಡಿ ಕೇಳಿಕೊಂಡು ಬರುತ್ತಾನೆ ಅನ್ನುತ್ತಿದ್ದರು. ಆ ಸದ್ದಿಗೆ ನಾನು ಕಂಬಳಿಯೊಳಗೆ ಮುದುರಿಕೊಳ್ಳುತ್ತಿದ್ದೆ. ಅಜ್ಜಿಗೂ ಭಯ ಇತ್ತು. ಆದರೂ ಮೊರದಲ್ಲಿ ರಾಗಿ ತಂದು ಅವನ ಜೋಳಿಗೆಗೆ ಸುರಿಯುತ್ತಿದ್ದರು. ಕೋಲೆ ಬಸವ, ಜೋಗಿಗಳು, ತಂಬೂರಿ ಹಿಡಿದು ಮಂಟೇಸ್ವಾಮಿ ಪದ ಹಾಡುವ ನೀಲಗಾರರು, ಎಲ್ಲರೂ ಬಂದು ಹೋಗುತ್ತಿದ್ದರು. ಭಯ ಇತ್ತು, ಮಾತೂ ಇತ್ತು.

90ರ ದಶಕದಲ್ಲಿ ರಾತ್ರಿ ಬಾಗಿಲು ತಟ್ಟುವ ಹೆಂಗಸಿನ ದೆವ್ವದ ಸುದ್ದಿ ಹಬ್ಬಿತ್ತು, ನೆನಪಿದೆಯಾ? ಎಲ್ಲರೂ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದೆವು. ನಮ್ಮ ಮನೆ ಬಾಗಿಲಿಗೆ ಸೀಮೆಸುಣ್ಣದಲ್ಲಿ ನಾನೇ ಬರೆದಿದ್ದೆ. ಆ ಭಯಕ್ಕೆ ಒಂದು ಸೀಮೆಸುಣ್ಣ ಸಾಕಾಗಿತ್ತು. ನಮ್ಮೂರಲ್ಲಿ ಯಾರೂ ಏಟು ತಿನ್ನಲಿಲ್ಲ.

ಕಬ್ಬಿನ ಗದ್ದೆಯಲ್ಲಿ ಓಡಾಡುವ ಬೆಳಕಿನ ಬಗ್ಗೆಯೂ ಹೇಳಬೇಕು. ಈಗ ಅದರಲ್ಲಿ ಜಾಸ್ತಿ ಪಾಲು ರೈತರದ್ದೇ. ತ್ರೀಫೇಸ್ ಕರೆಂಟು ರಾತ್ರಿ ಕೊಟ್ಟರೆ ತಲೆಗೆ ಬ್ಯಾಟರಿ ಕಟ್ಟಿಕೊಂಡು ನೀರು ಹಾಯಿಸಲು ಹೋಗಲೇಬೇಕಲ್ವಾ? ದೂರದಿಂದ ನೋಡಿದರೆ ಬದುವಿನ ಮೇಲೆ ಬರೀ ಬೆಳಕು ತೇಲುತ್ತದೆ. ಕೆಲವೊಮ್ಮೆ ಹೊಳೆಯುವುದು ಚಿರತೆ ಕಣ್ಣು. ಅದು ಸುಮ್ನೆ ಭಯವಲ್ಲ. 2022ರ ಕೊನೆಯಿಂದ 2023ರ ಜನವರಿವರೆಗೆ ಟಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ಕು ಜನರನ್ನು ಚಿರತೆ ಕೊಂದಿತು. ಆಕಾಶದಲ್ಲಿ ರೈಲಿನ ಹಾಗೆ ಸಾಲಾಗಿ ಹೋಗುವ ದೀಪಗಳು ಸ್ಟಾರ್‌ಲಿಂಕ್ ಉಪಗ್ರಹಗಳು. ಆದರೆ ನಮ್ಮ ತಾತ ಕೆರೆಯಾಚೆ ನೋಡಿದ ಕೊಳ್ಳಿದೆವ್ವ ಏನು ಅಂತ ನನಗೆ ಗೊತ್ತಿಲ್ಲ. ಆರುತ್ತಿತ್ತಂತೆ, ಸ್ವಲ್ಪ ದೂರದಲ್ಲಿ ಮತ್ತೆ ಹತ್ತಿಕೊಳ್ಳುತ್ತಿತ್ತಂತೆ. ಅದು ಹಾಗೇ ಇರಲಿ. ಬೆಳಕನ್ನು ದೆವ್ವ ಅಂದುಕೊಂಡರೆ ಯಾರ ಜೀವವೂ ಹೋಗಲ್ಲ.

ಮನುಷ್ಯನ ವಿಷಯದಲ್ಲಿ ಹೋಗುತ್ತದೆ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಮಕ್ಕಳ ಕಳ್ಳ ಅಂತ ಹೊಡೆದು ಸಾಯಿಸಿದರು. ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರು ಅನ್ನುವ ಕಾರಣಕ್ಕೆ ಹೈದರಾಬಾದಿನವರ ಮೇಲೆ ಜನ ಮುಗಿಬಿದ್ದರು. ಒಬ್ಬ ಎಂಜಿನಿಯರ್ ಸತ್ತೇ ಹೋದರು. ಒಂದು ಮೆಸೇಜನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳಿಸಬಹುದು ಅಂತ ವಾಟ್ಸಾಪ್ ನಮ್ಮ ದೇಶದಲ್ಲಿ ಮಿತಿ ಹಾಕಿದ್ದು ಆ ಜುಲೈನಲ್ಲೇ. ಐದು ಗ್ರೂಪು ಅಂದರೆ ನಮ್ಮ ಕಡೆ ಐದು ಊರು!

ಮಕ್ಕಳ ಬಗ್ಗೆ ಎಚ್ಚರ ಬೇಡ ಅಂತ ನಾನು ಹೇಳುತ್ತಿಲ್ಲ. ನನಗೂ ಮಗಳಿದ್ದಾಳೆ. ಅನುಮಾನ ಬಂದರೆ 112ಕ್ಕೆ ಫೋನ್ ಮಾಡಿ. ಅದಕ್ಕೂ ಮೊದಲು ಹತ್ತಿರ ಹೋಗಿ ಮಾತಾಡಿಸಿ. ದೊಡ್ಡವ್ವ ಕೇಳಿದ ಎರಡು ಪ್ರಶ್ನೆಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

ಆಲೆಮನೆ ಯಜಮಾನರು ಬೈಕಿನಲ್ಲಿ ಬಂದು ಹುಡುಗನನ್ನು ಕರೆದುಕೊಂಡು ಹೋದರು. ನಮ್ಮ ಗ್ರೂಪಿನಿಂದ ವಿಡಿಯೋ ತೆಗೆಸಿದೆವು. ಆದರೆ ಬುಧವಾರ ಅದೇ ವಿಡಿಯೋ ಬೇರೆ ತಾಲ್ಲೂಕಿನ ಗ್ರೂಪಿನಿಂದ ನನಗೇ ವಾಪಸ್ ಬಂತು, ಬೇರೆ ಊರಿನ ಹೆಸರಿನಲ್ಲಿ. ನಿಮಗೂ ಬಂದಿರಬಹುದು. ಕೆರೆ ಏರಿ, ಹಸಿರು ಟವೆಲ್. ದಯವಿಟ್ಟು ಅಳಿಸಿ, ಕಳಿಸಿದವರಿಗೂ ಹೇಳಿ. ಅವನು ಇನ್ನೂ ಅದೇ ಆಲೆಮನೆಯಲ್ಲಿದ್ದಾನೆ. ವಾರಕ್ಕೊಮ್ಮೆ ಸಂತೆಗೆ ಅದೇ ಟವೆಲ್ ಸುತ್ತಿಕೊಂಡು ಮೂರು ಊರು ದಾಟಿ ನಡೆದು ಹೋಗುತ್ತಾನೆ.